ಒಡಲು ಒಂದರದು, ಸೆರಗು ಇನ್ನೊಂದರದು

ನಗೆಪಾಟಲಿನ ಸಂಗತಿಗಳು ಊರ ತುಂಬ ಅಡ್ಡಾಡುತ್ತಿರುತ್ತವೆ. ಕಾಲು ನೊಂದು ಎಲ್ಲಾದರೂ ಕೂಡಬೇಕೆನಿಸಿದಾಗ ಸೀದಾ ನನ್ನ ಮನೆಯ ಕಟ್ಟೆಗೇ ಬರುತ್ತವೆ. ನಾನಾಗಿ ಎಂದೂ ಕರೆದವನಲ್ಲ. ಬಂದವಕ್ಕೆ ಕುಡಿಯಲು ನೀರು ಕೊಟ್ಟಿರಬಹುದು, ಅಷ್ಟೆ. ಕೆಳಗೆ ಬರೆದದ್ದೆಲ್ಲ ಖರೆ. ಎಲ್ಲೆಲ್ಲಿ ಖರೆ ಸ್ವಲ್ಪ ಕಡಿಮೆ ಬಿತ್ತೋ ಅಲ್ಲಿ ಮಾತ್ರ ನನ್ನ ಕೈಯಿಂದ ಹಾಕಿ ಸರಿದೂಗಿಸಿದ್ದೇನೆ.

ಕಪಾಟಿನ ಕರಾರು

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಇಳಕಲ್ಲಿನ ಸೀರೆಗಳನ್ನು ಗಂಟು ಕಟ್ಟಿ, ಬಸ್ಸು ಹತ್ತಿ, ಬಾಗಲಕೋಟೆ, ಬಾದಾಮಿ, ಹುನಗುಂದದ ಅಂಗಡಿಗಳಿಗೆ ತೋರಿಸಿ ಬರುವ ಏಜೆಂಟ. ಹೋಗುವಾಗ ಗಂಟಿನಲ್ಲಿ ಸೀರೆ, ಬರುವಾಗ ಪುಸ್ತಕ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ, ಸಂತೆಯ ತಾಡಪಾಲಿನ ಮೇಲೆ, ಎಲ್ಲಿ ಕಂಡರೂ ಒಂದನ್ನು ಎತ್ತಿಕೊಳ್ಳುತ್ತಿದ್ದೆ. ಕೊಂಡ ಗಳಿಗೆಯಲ್ಲೇ ಅದನ್ನು ಓದಿ ಮುಗಿಸಿದ ತೃಪ್ತಿ ಬಂದುಬಿಡುತ್ತಿತ್ತು. ಆಮೇಲೆ ಮತ್ತೆ ಓದುವ ಪ್ರಸಂಗವೇ ಬೀಳುತ್ತಿರಲಿಲ್ಲ.

ಹೀಗೆ ಪಡಸಾಲೆಯ ಗೋಡೆಯ ಕಪಾಟು ತುಂಬಿತು. ಪತ್ತೇದಾರಿ ಕಾದಂಬರಿ, ಇಟ್ಟಿಗೆಯಂಥ ಸಂಸಾರದ ಕಾದಂಬರಿ, ಉಳ್ಳಾಗಡ್ಡಿ ಬೆಳೆಯುವ ಕ್ರಮ, ಮನೆಮದ್ದಿನ ಪುಸ್ತಕ, ಯಾರೋ ಸಾಧುವಿನ ಯಾತ್ರೆಯ ಕಥೆ. ಹುಳ ಹತ್ತಬಾರದೆಂದು ನನ್ನ ಹೆಂಡತಿ ಅವುಗಳ ನಡುವೆ ಬೇವಿನ ಎಲೆ ಇಡುತ್ತಿದ್ದಳು. ಒಂದು ದಿನ ಕಪಾಟಿನ ಬಾಗಿಲು ತಾನಾಗಿ ತೆರೆದು, ಸಾಧುವಿನ ಯಾತ್ರೆ ಆಕೆಯ ಜೋಳದ ಹಿಟ್ಟಿನ ಪರಾತಿನಲ್ಲಿ ಬಂದು ಮುಗಿಯಿತು.

"ಇವನ್ನ ಓದತೀರೋ, ಬರೇ ಸಾಕತೀರೋ?" ಅಂದಳು. "ಯುಗಾದಿ ತನಕಾ ಹೊಸಾದು ಒಂದೂ ಒಳಗ ಬರಬಾರದು. ಇದ್ದದ್ದು ಓದಿ ಮುಗಸರಿ. ಇಲ್ಲಂದ್ರ ಎಲ್ಲಾ ಹುನಗುಂದಕ್ಕ, ಅಣ್ಣನ ಮನಿಗೆ."

ಆಕೆಯ ಅಣ್ಣ ಹುನಗುಂದದಲ್ಲಿ ಸಾಲಿ ಮಾಸ್ತರ. 'ಓದಿಲ್ಲ' ಅನ್ನುವ ಮಾತು ಆತನ ಬಾಯಿಂದ ಎಂದೂ ಹೊರಬಿದ್ದದ್ದಿಲ್ಲ. ಬಂದಾಗೊಮ್ಮೆ ನನ್ನ ಕಪಾಟಿನ ಮುಂದೆ, ಹೆಣ್ಣು ನೋಡಲು ಬಂದವರ ಹಾಗೆ ನಿಲ್ಲುತ್ತಿದ್ದ. ಕರಾರಿನ ಸುದ್ದಿ ಕೇಳಿ ಆ ವಾರವೇ ಬಂದ. ಕಪಾಟಿನ ಈ ತುದಿಯಿಂದ ಆ ತುದಿಗೆ ಗೇಣು ಹಾಕಿದ.

"ಮಾಸ್ತರ್ರ, ಯುಗಾದಿ ಇನ್ನೂ ದೂರ ಐತ್ರಿ," ಅಂದೆ.

"ಗೊತ್ತೈತ್ರಿ ಏಜೆಂಟ್ರ. ಬಡಿಗ್ಯಾಗ ಹೇಳಿದ್ರ ಕಪಾಟ ಮಾಡಾಕ ಟೈಮ್ ಬೇಕಲ್ಲ?"

ಕೂಡಿದ ಹಾಳೆಗಳು

ನಾನು ಅಂದಿನಿಂದಲೇ ಓದು ಹಿಡಿದೆ. ಮಧ್ಯಾಹ್ನ ಉಂಡು, ಪಡಸಾಲೆಯ ತಂಪು ಬಂಡೆಯ ಮೇಲೆ ಚಾಪೆ ಹಾಸಿ, ಸಂಸಾರದ ಕಾದಂಬರಿಯನ್ನು ಎದೆಯ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದೆ. ಓಣಿಯ ಮಗ್ಗಗಳೆಲ್ಲ ಖಟಕ್ ಖಟಕ್ ಅನ್ನುತ್ತಿರುತ್ತಿದ್ದವು. ಬೇವಿನ ಎಲೆಯ ಒಣ ವಾಸನೆ, ಹೊರಗೆ ಬಿಳೀ ಬಿಸಿಲು. ಮೊದಲ ಪುಟದಲ್ಲಿ ನಾಯಕಿ ಬಾಗಿಲು ತೆರೆಯುತ್ತಿದ್ದಳು. ನನ್ನ ಕಣ್ಣು ಮುಚ್ಚುತ್ತಿತ್ತು. ಆಮೇಲಿನದನ್ನೆಲ್ಲ ಆಕೆ ಕನಸಿನಲ್ಲಿ ಬಂದು, ನನಗೆ ತ್ರಾಸಾಗದಂತೆ, ತಾನೇ ಹೇಳಿ ಹೋಗುತ್ತಿದ್ದಳು. ಮನೆಯ ಮಾಳಿಗೆಯ ಮೇಲೆ ಹೊಳೆ ಹರಿಯುತ್ತಿತ್ತು, ಆಕೆ ನೀಲಿ ಸೀರೆ ಒಗೆಯುತ್ತಿದ್ದಳು, ಬಣ್ಣ ಹರಿದು ಆಕಾಶಕ್ಕೆ ಹತ್ತುತ್ತಿತ್ತು. ಯಾವ ಬರಹಗಾರ ಇಷ್ಟು ಬರೆಯುತ್ತಾನೆ?

ಕೆಲವು ದಿನಗಳಾದ ಮೇಲೆ ಹೆಂಡತಿಯ ಮುಂದೆ, "ದಪ್ಪಂದು ಮುಗೀತು," ಅಂದೆ.

"ಹೆಂಗಿತ್ತು?"

"ಏನ್ ಹೇಳ್ಲಿ! ನಡುವ ಒಂದ್ ಜಾಗಾದಾಗ ಕಣ್ಣಾಗ ನೀರು ಬಂದ್ವು."

ಆಕೆ ಪುಸ್ತಕ ಎತ್ತಿಕೊಂಡು ನಡುವಿನ ಪುಟ ತೆರೆಯಲು ನೋಡಿದಳು. ತೆರೆಯಲಿಲ್ಲ. ಆ ಕಾಲದ ಕೆಲವು ಪುಸ್ತಕಗಳ ಅಂಚು ಕತ್ತರಿಸದೆ ಹಾಗೇ ಮಾರುತ್ತಿದ್ದರು. ಮಡಿಕೆಯಲ್ಲಿ ಹಾಳೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತಿದ್ದವು, ಓದುವವನು ಚಾಕುವಿನಿಂದ ಬಿಡಿಸಿಕೊಳ್ಳುತ್ತ ಹೋಗಬೇಕು. ನನ್ನದು ಎರಡನೆಯ ಮಡಿಕೆಯಿಂದ ಆಚೆಗೆ ಹುಟ್ಟಿದ ಹಾಗೇ ಇತ್ತು.

ನಾನು ಧೈರ್ಯ ಬಿಡಲಿಲ್ಲ. "ಮಡಿಕಿ ಹಿಗ್ಗಿಸಿ, ಒಳಗ ಹಣಿಕಿ ಹಾಕಿ ಓದೀನಿ. ಪುಸ್ತಕ ಹಾಳಾಗಬಾರದಲ್ಲ?"

ಆಕೆ ಮಡಿಕೆಯನ್ನು ಹಿಗ್ಗಿಸಿ ಒಂದು ಕಣ್ಣಿಟ್ಟು ಹಣಿಕಿದಳು. "ಹೌದ್ರಿ," ಅಂದಳು, "ಒಳಗ ಯಾರೋ ಗೊರಕಿ ಹೊಡ್ಯಾಕತ್ತಾರ."

ಬಾದಾಮಿಯ ಓದುಗ

ಮನೆಯಲ್ಲಿ ಓದಿದರೆ ಪಹರೆ ಜಾಸ್ತಿ ಎಂದು, ಊರೂರು ಫಿರತಿಗೆ ಹೋಗುವಾಗ ಪುಸ್ತಕವನ್ನು ಸೀರೆಯ ಗಂಟಿನಲ್ಲೇ ಇಟ್ಟುಕೊಂಡೆ. ಬಾದಾಮಿಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿದ್ದವು. ಹೊಂಡದ ಮೆಟ್ಟಿಲ ಮೇಲೆ ನೆರಳು ನೋಡಿ ಕೂತು, ಮನೆಮದ್ದಿನ ಪುಸ್ತಕ ತೆಗೆದೆ. ಎದುರಿಗೆ ಕೆಂಪು ಬಂಡೆಗಳು ನೀರಿನಲ್ಲಿ ತಲೆಕೆಳಗಾಗಿ ನಿಂತು ಅಲುಗಾಡುತ್ತಿದ್ದವು. ಕೆಮ್ಮಿಗೆ ಶುಂಠಿ ಎಂಬಲ್ಲಿಗೆ ನನಗೆ ನಿದ್ದೆ. ಕನಸಿನಲ್ಲಿ ಬಂಡೆಗಳಿಗೇ ನೆಗಡಿಯಾಗಿತ್ತು. ನಾನು ಒಂದೊಂದಕ್ಕೂ ಕಷಾಯ ಕುಡಿಸುತ್ತಿದ್ದೆ, ಅವು "ಥ್ಯಾಂಕ್ಯೂ ಏಜೆಂಟ್ರ" ಅನ್ನುತ್ತಿದ್ದವು.

ಎಚ್ಚರವಾದಾಗ ಎದೆಯ ಮೇಲೆ ಪುಸ್ತಕವಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ಒಂದು ಮುದಿ ಮಂಗ್ಯಾ ಅದನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಗಂಭೀರವಾಗಿ, ಒಂದೊಂದೇ ಹಾಳೆ ತಿರುವುತ್ತಿತ್ತು. ಪಕ್ಕದಲ್ಲಿ ಅರಿವೆ ಒಗೆಯುತ್ತಿದ್ದ ಅಜ್ಜಿಗೆ, "ಯಮ್ಮಾ, ನೋಡ್ಕೋತ ಕುಂತೀರಲ್ಲ, ಓಡಿಸಬಾರದಾಗಿತ್ತೇನ್ರಿ?" ಎಂದು ಕೂಗಿದೆ.

ಅಜ್ಜಿ ಒಗೆಯುವುದನ್ನು ನಿಲ್ಲಿಸದೆ ಅಂದಳು: "ಯಾಕೋ ಯಪ್ಪಾ? ನಿನ್ನ ಕೈಯಾಗಿದ್ದಾಗ ಒಂದ ಹಾಳಿ ಮ್ಯಾಲೇ ನಿಂತಿತ್ತು. ಅದರ ಕೈಗೆ ಹೋದ ಮ್ಯಾಲೆ ಅರ್ಧಾ ಮುಗದೈತಿ ನೋಡು."

ಒಂಟೆ

ನಮ್ಮ ಮನೆಯ ಎದುರಿಗೆ ನೇಕಾರ ಕಾಕಾನ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಆತ ನೇಯುತ್ತಿದ್ದ. ನಾನು ಎದುರು ಕೂತು ಓದಿದ್ದನ್ನು ಹೇಳುತ್ತಿದ್ದೆ. ಅಂದರೆ, ಕನಸಿನಲ್ಲಿ ಓದಿದ್ದನ್ನು. ಪತ್ತೇದಾರಿ ಕಾದಂಬರಿಯ ಕಳ್ಳನನ್ನು ನಾನು ಒಂಟೆಯ ಮೇಲೆ ಹತ್ತಿಸಿ ಮಲಪ್ರಭೆ ದಾಟಿಸಿದೆ. ನಡುಹೊಳೆಯಲ್ಲಿ ಒಂಟೆ ಹಿಂದಿರುಗಿ ನೋಡಿತು ಅಂದಾಗ ಕಾಕಾನ ಕೈಯಲ್ಲಿ ಲಾಳಿ ನಿಂತುಬಿಟ್ಟಿತು. ಒಳಗಿನಿಂದ ಆತನ ಹೆಂಡತಿ ಕಾಕು, "ಮಗ್ಗಾ ಯಾಕ ಸುಮ್ಮಾತು?" ಎಂದು ಕೂಗಿದಳು.

"ಸುಮ್ನಿರ, ಒಂಟಿ ನೀರಾಗ ಐತಿ!" ಅಂದ ಕಾಕಾ.

ಕಾಕಾನಿಗೆ ಓದು ಬರುತ್ತಿರಲಿಲ್ಲ. ಸೊಸೆಯಿಂದ ಓದಿಸಿ ಮತ್ತೊಮ್ಮೆ ಕೇಳಬೇಕೆಂಬ ಆಸೆಯಿಂದ ಪುಸ್ತಕ ಒಯ್ದ. ಸೊಸೆ ಒಗ್ಗರಣೆ ಹಾಕುವಾಗ ಒಂದಿಷ್ಟು, ರೊಟ್ಟಿ ಬೇಯುವಾಗ ಒಂದಿಷ್ಟು ಓದಿ ಹೇಳಿದಳಂತೆ. ವಾರದ ಮೇಲೆ ಕಾಕಾ ಸಿಟ್ಟಿನಿಂದ ಪುಸ್ತಕ ತಂದು ಕಟ್ಟೆಯ ಮೇಲೆ ಕುಕ್ಕಿದ.

"ಅಚ್ಚಿನವರು ನಿನಗ ಮೋಸಾ ಮಾಡ್ಯಾರ ನೋಡಲೇ! ಇದರಾಗ ಒಂಟೀನ ಇಲ್ಲ. ಅದೂ ಹೋಗ್ಲಿ, ಕಡೀಗೆ ಕಳ್ಳ ಯಾರಂತ ಹೇಳೂ ಹಾಳೀನೂ ಇಲ್ಲ, ಯಾರೋ ಕೊಯ್ದಾರ."

ನಿಜವಾದ ಓದುಗನಾಗಿದ್ದರೆ ನಾನು ಅಲ್ಲೇ ಚಕಿತನಾಗಬೇಕಿತ್ತು. ಆದರೆ ಏಜೆಂಟ ನಾನು, ಗಿರಾಕಿಯನ್ನು ಸಮಾಧಾನ ಮಾಡುವುದೊಂದೇ ಬಲ್ಲೆ. "ಕಾಕಾ," ಅಂದೆ, "ನೀನ ವಿಚಾರ ಮಾಡು. ಒಂಟಿ ಇದ್ದದ್ದು ಅದ ಹಾಳ್ಯಾಗ."

ಯುಗಾದಿ

ಬೇವು-ಬೆಲ್ಲ ತಿಂದ ಬಾಯಿ ಆರುವ ಮುನ್ನ ಹುನಗುಂದದ ಬಸ್ಸು ಬಂತು. ಮಾಸ್ತರ ಖಾಲಿ ಗೋಣೀ ಚೀಲದ ಸಮೇತ ಇಳಿದ. ಸಾಕ್ಷಿಗೆಂದು ನಾನು ಕಾಕಾನನ್ನು ಕರೆಸಿದ್ದೆ. ಹೆಂಡತಿ ಒಂದೊಂದೇ ಪುಸ್ತಕ ಎತ್ತಿ, "ಇದರ ಮುಕ್ತಾಯ ಹೇಳ್ರಿ," ಅಂದಳು. ಅಷ್ಟೇ ಪರೀಕ್ಷೆ.

ನಾನು ಅಂಜಲಿಲ್ಲ. ಹಾಳೆಗಳನ್ನೆಲ್ಲ ಹಿಂದಿನ ದಿನವೇ ಚಾಕುವಿನಿಂದ ಬಿಡಿಸಿದ್ದೆ. ಕಳ್ಳನನ್ನು ಹೊಳೆಯ ದಂಡೆಯಲ್ಲಿ ಹಿಡಿಸಿದೆ. ಸಂಸಾರದ ಕಾದಂಬರಿಯಲ್ಲಿ ಅತ್ತೆ-ಸೊಸೆಯನ್ನು ಒಂದೇ ತಾಟಿನಲ್ಲಿ ಉಣ್ಣಿಸಿದೆ. ಸಾಧುವನ್ನು ಮೋಡದ ಮೇಲೆ ಕೂಡಿಸಿ ಕಳಿಸಿದೆ. ಕಾಕಾ ಕಣ್ಣೊರೆಸಿಕೊಂಡ. ಮಾಸ್ತರ ಕೂಡ ತಲೆದೂಗಿ, "ಹೌದು, ಹಿಂಗ ಐತಿ. ನಾ ಎಂದೋ ಓದೀನಿ," ಅಂದ.

ಹೆಂಡತಿ ಎದ್ದು ಹೋಗಿ ಟ್ರಂಕಿನಿಂದ ಒಂದು ಗಂಟು ತಂದು ಬಿಚ್ಚಿದಳು. ಅದರಲ್ಲಿ ಅಷ್ಟೂ ಪುಸ್ತಕಗಳ ಕೊನೆಯ ಹಾಳೆಗಳು, ಒಂದೊಂದು ಕಟ್ಟಿಗೂ ಒಂದೊಂದು ಬಣ್ಣದ ರೇಷ್ಮೆ ಎಳೆ ಸುತ್ತಿಟ್ಟಿದ್ದಳು.

"ಕರಾರು ಮಾಡಿದ ದಿನಾನ ಕೊಯ್ದು ಇಟ್ಟೀನ್ರಿ," ಅಂದಳು. "ಖರೇನ ಓದಿದವರಾಗಿದ್ರ, ಕಡೀ ಹಾಳಿ ಎಲ್ಲೆ ಅಂತ ನನ್ನ ಬೆನ್ನು ಹತ್ತತಿದ್ರಿ. ನಾ ದಿನಾ ಹಾದಿ ಕಾಯ್ದೆ. ಇವತ್ತು ಕೇಳತಾರ, ನಾಳೆ ಕೇಳತಾರ ಅಂತ."

ಕೊನೆಯ ಮಾತು ಹೇಳುವಾಗ ಆಕೆ ನಗುತ್ತಿರಲಿಲ್ಲ. ನನಗೆ ಸೋತದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. ಕಪಾಟಿನ ಕಡೆ ನೋಡಿದೆ. ನನ್ನ ಎಷ್ಟು ಮಧ್ಯಾಹ್ನಗಳ ನಿದ್ದೆ, ಎಷ್ಟು ಹೊಳೆ, ಎಷ್ಟು ಮೋಡ, ಎಲ್ಲ ಗೋಣೀ ಚೀಲ ಸೇರುವುದರಲ್ಲಿತ್ತು.

"ಒಂದು ದಿನ ಬಿಟ್ಟು ಒಯ್ಯಿರಿ ಮಾಸ್ತರ್ರ," ಅಂದೆ. "ಹರಕು ಪುಸ್ತಕ ಕೊಡೂದು ಛಲೋ ಅಲ್ಲ. ಹಾಳಿ ಅಂಟಿಸಿ ಕೊಡತೇನಿ."

ಮರುದಿನ ಕಾಕಾನ ಹತ್ತಿರ, ಆತ ನೂಲಿಗೆ ಹಚ್ಚುವ ಗಂಜಿ ಕೇಳಲು ಹೋದೆ. ಆತ ಆಗ ಸೆರಗು ಕೂಡಿಸುತ್ತಿದ್ದ. ನಮ್ಮೂರ ಸೀರೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ, ಒಡಲು ನೂಲಿನದು, ಸೆರಗು ರೇಷ್ಮೆಯದು. ಒಂದರ ಎಳೆಯನ್ನು ಇನ್ನೊಂದರೊಳಗೆ ಕೊಂಡಿ ಹಾಕಿ ಕೂಡಿಸುತ್ತಾರೆ.

"ಒಡಲಿಗೆ ಬ್ಯಾರೆ ಸೆರಗು ಹಚ್ಚೂದು ಮಂದಿಗೆ ಗೊತ್ತಾಗೂದಿಲ್ಲೇನ ಕಾಕಾ?" ಅಂದೆ.

"ಮಂದಿ ಸೆರಗು ನೋಡತಾರ, ಛಲೋ ಐತಿ ಅಂತಾರ, ಒಯ್ತಾರ. ಒಡಲು ಯಾವನು ನೋಡತಾನ?"

ನಾನು ಗಂಜಿ ತಂದು, ಬಣ್ಣದ ಎಳೆಗಳನ್ನೆಲ್ಲ ಬಿಚ್ಚಿ, ಕಣ್ಣು ಅರ್ಧ ಮುಚ್ಚಿ, ಬಲು ಪ್ರೀತಿಯಿಂದ ಅಂಟಿಸಿದೆ. ಹೆಂಡತಿ ಒಳಗಿನಿಂದ ನೋಡಿದಳೋ ಇಲ್ಲವೋ ಇಂದಿಗೂ ತಿಳಿಯದು. ಸಂಜೆ ಮಾತ್ರ ಚಹಾಕ್ಕೆ ಸಕ್ಕರೆ ಹೆಚ್ಚು ಬಿದ್ದಿತ್ತು.

ಹುನಗುಂದದ ತೀರ್ಪು

ಕಪಾಟಿನಲ್ಲಿ ಬೇವಿನ ಎಲೆಗಳಷ್ಟೇ ಉಳಿದವು. ಮಧ್ಯಾಹ್ನ ಮಲಗಿದರೆ ಕನಸೂ ಬೀಳುತ್ತಿರಲಿಲ್ಲ. ಶ್ರಾವಣದಲ್ಲಿ ಮಾಸ್ತರ ಬಂದ. ಹೆಂಡತಿ ಹೇಳಿ ಕಳಿಸಿದ್ದಕ್ಕೆ ಪತ್ತೇದಾರಿ ಕಾದಂಬರಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಕಾಕಾ ಆಗಷ್ಟೇ ಮುಗಿದ ಸೀರೆ ಕೊಡಲು ಬಂದು ಕಟ್ಟೆಯ ಮೇಲೆ ಕೂತಿದ್ದ.

"ಎಲ್ಲಾ ಓದಿ ಮುಗಿಸೀನಿ ತಂಗೀ," ಅಂದ ಮಾಸ್ತರ, ನನ್ನ ಕಡೆ ನೋಡುತ್ತ.

"ಇದು ಹೆಂಗಿತ್ತಣ್ಣಾ?"

"ಮೊದಲಿಗೆ ಸಪ್ಪಗ. ಮುಕ್ತಾಯ ಮಾತ್ರ ಭಾಳ ಚೊಕ್ಕ ಐತಿ. ಆ ಕಳ್ಳ ಸಿಗೂ ಜಾಗಾದಾಗಂತೂ ಮೈ ಜುಮ್ ಅಂತೈತಿ."

ಹೆಂಡತಿ ಪುಸ್ತಕ ಇಸಗೊಂಡು ಕೊನೆಯ ಹಾಳೆ ತೆರೆದು ಗಟ್ಟಿಯಾಗಿ ಓದಿದಳು: "ಕಿತ್ತ ಗಡ್ಡೆಗಳನ್ನು ನೆರಳಿನಲ್ಲಿ ಹರವಬೇಕು. ಕುತ್ತಿಗೆ ಪೂರ್ತಿ ಒಣಗುವ ತನಕ ಕತ್ತರಿಸಬಾರದು."

ಕಟ್ಟೆಯ ಮೇಲಿದ್ದ ಕಾಕಾ ಎದೆಗೆ ಕೈ ಹಚ್ಚಿಕೊಂಡ. "ಕುತ್ತಿಗಿ ಒಣಗೂ ತನಕಾ? ಶಿವನ! ಎಂಥಾ ಕ್ರೂರ ಕಳ್ಳ ಅದಾನಲೇ ಅವಾ!"

ಹೆಂಡತಿ ನನ್ನ ಕಡೆ ನೋಡಿದಳು. ನಾನು ಮಾಳಿಗೆಯ ತೊಲೆ ಎಣಿಸುತ್ತಿದ್ದೆ. ಮಾಸ್ತರ ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಸಾವಕಾಶ ಅಂದ:

"ಅದು ಸಾಂಕೇತಿಕ ಐತಿ. ಸಾಹಿತ್ಯ ಬಲ್ಲವರಿಗಷ್ಟ ತಿಳೀತೈತಿ."

"ಹೌದಣ್ಣಾ," ಅಂದಳು ತಂಗಿ, ಸೆರಗು ಬಾಯಿಗೆ ಒತ್ತಿಕೊಂಡು. "ಮನ್ಯಾಗ ಎಲ್ಲಾರಿಗೂ ಒಂದ ಕರಾರು. ಬರೂ ಬಸ್ಸಿಗೆ ಅಷ್ಟೂ ತಂದ ಇಲ್ಲೆ ಇಟ್ಟ ಬಿಡು."

ಪುಸ್ತಕಗಳು ಅದೇ ಗೋಣೀ ಚೀಲದಲ್ಲಿ ಹಿಂದಿರುಗಿದವು. ಹಾಳೆಗಳನ್ನು ಇನ್ನು ಸರಿ ಮಾಡುತ್ತೇನೆಂದೆ, ಹೆಂಡತಿ ಬೇಡವೆಂದಳು. ಅಂದಿನಿಂದ ಮಧ್ಯಾಹ್ನ ಆಕೆಯೇ ಪಕ್ಕದಲ್ಲಿ ಕೂತು, ಒಂದೊಂದೇ ಹಾಳೆ, ಗಟ್ಟಿಯಾಗಿ ಓದುತ್ತಾಳೆ. ನಾನು ನಿದ್ದೆ ಹೋದರೆ ಪುಸ್ತಕದಿಂದಲೇ ಒಂದು ಏಟು. ಹೀಗೆ ಉಳ್ಳಾಗಡ್ಡಿ ಪುಸ್ತಕವನ್ನು ಮೊದಲಿಂದ ಕೊನೆತನಕ ಮುಗಿಸಿದೆವು. ನಾಟಿ ಆಯಿತು, ಗೊಬ್ಬರ ಆಯಿತು, ಕೊನೆಯಲ್ಲಿ ಅತ್ತೆ ಸೊಸೆಯನ್ನು ಅಪ್ಪಿಕೊಂಡು ಅತ್ತಳು. ಉಳ್ಳಾಗಡ್ಡಿಯ ವಿಷಯವಾದ್ದರಿಂದ ಅಳು ಎಲ್ಲಿಯೂ ಅಸಹಜ ಅನ್ನಿಸಲಿಲ್ಲ.

ಇದನ್ನೆಲ್ಲ ಕಾಕಾನ ಮಗ್ಗದ ಮುಂದೆ ಕೂತು ಹೇಳಿದೆ. ಈ ಸಲ ಒಂದಕ್ಷರವೂ ಸೇರಿಸದೆ. ಯಾವ ಮುಕ್ತಾಯ ಯಾವ ಪುಸ್ತಕಕ್ಕೆ ಹೋಯಿತು ಎಂದು ಆತ ಲಾಳಿ ನಿಲ್ಲಿಸಿ ಕೇಳಿದ. ಬಹಳ ಹೊತ್ತು ತಲೆದೂಗಿದ. ಆಮೇಲೆ ಕುಣಿಯಿಂದಲೇ ಮುಂದಕ್ಕೆ ಬಗ್ಗಿ, ಮೆಲ್ಲಗೆ, ಯಾರಿಗೂ ಹೇಳುವುದಿಲ್ಲ ಎಂಬ ದನಿಯಲ್ಲಿ ಅಂದ:

"ಅದೆಲ್ಲಾ ಖರೆ. ಒಂಟೀನ ಯಾವುದಕ್ಕ ಅಂಟಿಸಿದಿ?"