ಅಣ್ಣ ಮೊದಲೇ ಹಾಕಿಟ್ಟ ಅರ್ಜಿ

ನಮ್ಮಣ್ಣನಷ್ಟು ಹೊತ್ತುಗೊತ್ತು ತಿಳಿಯದ ಮನುಷ್ಯನನ್ನು ಭಟ್ಕಳದಿಂದ ಕುಮಟಾದವರೆಗೆ ದೀಪ ಹಿಡಿದು ಹುಡುಕಿದರೂ ನಿಮಗೆ ಸಿಗಲಿಕ್ಕಿಲ್ಲ. ತಡವಾಗಿ ಬರುವ ಆಸಾಮಿ ಇರಬೇಕು ಅಂದುಕೊಂಡಿರಾ? ಅಯ್ಯೋ, ಹಾಗಾಗಿದ್ದರೆ ಹೇಗಾದರೂ ಸುಧಾರಿಸಬಹುದಿತ್ತು! ಹತ್ತು ಗಂಟೆಗೆ ಬೇಕಾದವನನ್ನು ಒಂಬತ್ತಕ್ಕೆ ಬಾ ಎಂದರೆ ಮುಗಿಯಿತು. ನಮ್ಮಣ್ಣನದು ಅದಕ್ಕೆ ತದ್ವಿರುದ್ಧ ಕಾಯಿಲೆ. ಅವನು ಎಲ್ಲದಕ್ಕೂ ಮೊದಲೇ ಬರುತ್ತಾನೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ ಎಂದರೆ, ಸಾರಿಗೆ ಬೀಳಬೇಕಾದ ಬಂಗಡೆ ಇನ್ನೂ ಸಮುದ್ರದಲ್ಲಿ ಈಜಾಡುತ್ತಿರುವಾಗಲೇ ಭಟ್ಕಳದಿಂದ ಹೊನ್ನಾವರಕ್ಕೆ ಬಂದು ನಮ್ಮ ಜಗಲಿಯಲ್ಲಿ ಕೂತಿರುತ್ತಾನೆ.

"ಎಂತ ಅಣ್ಣ, ಇಷ್ಟು ಬೇಗ?" ಎಂದು ನಾನು ಹಲ್ಲುಜ್ಜುತ್ತಲೇ ಕೇಳುತ್ತೇನೆ.

"ಬೇಗ ಎಂತದೇ? ದಾರಿಮೇಲೆ ಎಂತಾದ್ರೂ ಆದ್ರೆ?"

ಇಷ್ಟು ವರ್ಷಗಳಲ್ಲಿ ಆ ದಾರಿಯ ಮೇಲೆ ಅವನಿಗೆ ಏನೂ ಆಗಿಲ್ಲ. ಆಗುವುದಾದರೂ ಹೇಗೆ? ಅವನು ಹೊರಡುವ ಹೊತ್ತಿಗೆ ದಾರಿಯ ಮೇಲೆ ಇನ್ನೊಂದು ವಾಹನವಾದರೂ ಇದ್ದರಲ್ಲವೇ!

ಕುಮಟಾದಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ ಆಯಿತು. ಅಣ್ಣ ಹೋದಾಗ ಮದುವೆ ಹಾಲಿನ ಬಾಗಿಲಿಗೆ ಬೀಗ. ಕಾವಲಿನವನನ್ನು ಎಬ್ಬಿಸಿ ಬೀಗ ತೆಗೆಸಿದ. ಅಡಿಗೆಯವರು ಬಂದು "ನೀರು ಎಲ್ಲಿ ಅದೆ?" ಎಂದು ಕೇಳಿದರು, ತೋರಿಸಿದ. ಹೂವಿನವನು ಏಣಿ ಕೇಳಿದ, ಹುಡುಕಿಕೊಟ್ಟ. ಗಂಡಿನ ದಿಬ್ಬಣ ಇಳಿದಾಗ ಹೆಣ್ಣಿನ ಕಡೆಯವರು ಇನ್ನೂ ಸೀರೆ ಉಡುವ ಗಲಾಟೆಯಲ್ಲಿದ್ದರು. ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ" ಎಂದವನು ಇವನೊಬ್ಬನೇ. ಗಂಡಿನ ಸೋದರಮಾವ ಇವನನ್ನು ಹಾಲಿನ ಮ್ಯಾನೇಜರ್ ಎಂದೇ ತಿಳಿದು, ಫ್ಯಾನು ತಿರುಗುವುದಿಲ್ಲ ಎಂದು ದೂರು ಕೊಟ್ಟರು. ಅಣ್ಣ ಕುರ್ಚಿ ಹತ್ತಿ ಅದನ್ನೂ ಸರಿಮಾಡಿದ. ಹೊರಡುವಾಗ ಅವರು ಅಣ್ಣನ ಕೈ ಹಿಡಿದು, "ನಿಮ್ಮ ಹಾಲ್ ಚಲೋ ಅದೆ. ನಮ್ಮ ಸಣ್ಣ ಹುಡ್ಗನ ಮದ್ವೆಗೂ ಇದನ್ನೇ ಹಿಡೀವ" ಎಂದರು. ಬೇರೆ ಯಾರಾದರೂ ಆಗಿದ್ದರೆ, ಸ್ವಾಮಿ, ನಾನು ಮ್ಯಾನೇಜರ್ ಅಲ್ಲ ಎನ್ನುತ್ತಿದ್ದರು. ಅಣ್ಣ ಎಂದದ್ದು: "ಹಿಡುದಾದ್ರೆ ಈಗ್ಲೇ ಹಿಡೀರಿ. ಆಮೇಲೆ ದಿನ ಸಿಗುದಿಲ್ಲ!"

ದೇವರನ್ನೂ ಅವನು ಬಿಟ್ಟವನಲ್ಲ. ಮದುವೆ ಸಂಬಂಧ ಕೂಡಿ ಬಂದರೆ ಎರಡೂ ಕಡೆಯವರು ಇಡಗುಂಜಿಗೆ ಹೋಗಿ, ಗಣಪತಿಯ ಪಾದಕ್ಕೆ ಚೀಟಿ ಇಟ್ಟು ಪ್ರಸಾದ ಕೇಳಿ, ಅಪ್ಪಣೆ ಸಿಕ್ಕಿದ ಮೇಲೆ ಮುಂದುವರಿಯುವುದು ನಮ್ಮ ಕಡೆಯ ಪದ್ಧತಿ. ನನ್ನ ಸಂಬಂಧದ ಮಾತು ಬಂದಾಗ ಇವನು ಹಿಂದಿನ ದಿನವೇ ಒಬ್ಬನೇ ಹೋಗಿ ಸಾಲಿನಲ್ಲಿ ನಿಂತಿದ್ದ. ಭಟ್ಟರು, "ಗಂಡಿನ ಕಡೆಯವ್ರು ಎಲ್ಲಿ?" ಎಂದು ಕೇಳಿದರಂತೆ. "ಅವ್ರು ನಾಳೆ ಬರ್ತ್ರು. ನಮ್ದು ಒಂದು ಮಾತು ಮೊದ್ಲೇ ದೇವ್ರ ಕಿವಿಗೆ ಬಿದ್ದಿರ್ಲಿ ಅಂತ ಬಂದೆ" ಎಂದನಂತೆ ಇವನು! ಮರುದಿನ ಅಪ್ಪಣೆ ಸಿಕ್ಕಿತು. ಅದು ತನ್ನ ವಶೀಲಿಯಿಂದಲೇ ಸಿಕ್ಕಿದ್ದು ಎಂದು ಇವತ್ತಿಗೂ ನನ್ನ ಗಂಡನ ಮುಂದೆ ಹೇಳಿಕೊಳ್ಳುತ್ತಾನೆ. ಆಗೆಲ್ಲ ನನ್ನ ಗಂಡ ಎದ್ದು ಅಂಗಳಕ್ಕೆ ಇಳಿಯುತ್ತಾರೆ. ಯಾಕೆ ಎಂದು ನಾನೂ ಕೇಳಲು ಹೋಗಿಲ್ಲ.

ಭಟ್ಕಳದ ಪೇಟೆಯಲ್ಲಿ ಅವನದೊಂದು ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇದೆ. ರಿಪೇರಿ ಅಂಗಡಿಗಳ ರಾಷ್ಟ್ರಗೀತೆಯಾದ "ನಾಳೆ ಬನ್ನಿ" ಅಲ್ಲಿ ಕೇಳಿಬರುವುದಿಲ್ಲ. ಬೆಳಿಗ್ಗೆ ಕೊಟ್ಟ ಮಿಕ್ಸಿ ಮಧ್ಯಾಹ್ನಕ್ಕೆ ತಯಾರು. ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಪಕ್ಕದ ಬೀದಿಯ ಒಬ್ಬ ಬೀಬಿಯವರ ಮಗ ದುಬೈಯಿಂದ ದೊಡ್ಡದೊಂದು ಮಿಕ್ಸಿ ತಂದುಕೊಟ್ಟಿದ್ದ. ಅಣ್ಣ ಅವರ ಮನೆಯ ಕಿಟಕಿಯ ಹೊರಗೆ ಹಾದುಹೋಗುವಾಗ ಅದರ ಸದ್ದು ಕೇಳಿ ನಿಂತ. "ಬೀಬಿ, ಆ ಮಿಕ್ಸಿ ಇನ್ನು ಸ್ವಲ್ಪ ದಿನದಲ್ಲಿ ಕೆಡ್ತದೆ. ಈಗ್ಲೇ ಕೊಡಿ, ಸರಿಮಾಡ್ತೆ" ಎಂದ. ಅವರು ಒಳಗಿಂದಲೇ, "ಮೊದ್ಲು ಅದು ಕೆಡ್ಲಿ ಭಾಯ್, ಅಷ್ಟು ಪುರುಸೊತ್ತಾದ್ರೂ ಕೊಡಿ ಅದಕ್ಕೆ!" ಎಂದರು. ಕೆಟ್ಟ ಮೇಲೆ ಅವರು ಬೇಕಂತಲೇ ಅದನ್ನು ಇನ್ನೊಬ್ಬರ ಅಂಗಡಿಗೆ ಕೊಟ್ಟರು.

ಇನ್ನು ನನ್ನ ವಿಷಯ. ನಾನು ಹೊನ್ನಾವರದಲ್ಲಿ ಬ್ಲೌಸ್ ಹೊಲಿಯುವವಳು. ಹೇಳಿದ ದಿನಕ್ಕೆ ಬ್ಲೌಸ್ ಕೊಡುವ ಟೈಲರನ್ನು ನೀವು ಕಂಡಿದ್ದೀರಾ? ನಾನೂ ಕಂಡಿಲ್ಲ. ನನ್ನ ಗಂಡ ತದಡಿ ಬಂದರಿನ ಬೋಟೊಂದರಲ್ಲಿ ಇಂಜಿನ್ ನೋಡಿಕೊಳ್ಳುವವರು. ಅವರಿಗೆ ತಾರೀಖು ಎಂದರೆ ಹುಣ್ಣಿಮೆ, ಅಮಾವಾಸ್ಯೆ ಎರಡೇ. ಹೀಗಾಗಿ ನಮ್ಮ ಮನೆಯಲ್ಲಿ ಕೊನೆಯ ದಿನಾಂಕ ಇರುವ ಕೆಲಸ ಏನೇ ಬಂದರೂ ಅದು ಅಣ್ಣನ ಪಾಲು. ರೇಷನ್ ಕಾರ್ಡಿರಲಿ, ಮನೆ ತೆರಿಗೆಯಿರಲಿ, ಅಣ್ಣನಿಗೆ ಹೇಳಿದರೆ ಆತು. ಮಗಳ ಕಾಲೇಜಿನ ಅರ್ಜಿಯೂ ಹಾಗೆಯೇ ಅವನ ಕೈಗೆ ಹೋಯಿತು.

ನನ್ನ ಮಗಳಿಗೆ ಚಿಕ್ಕಂದಿನಿಂದ ಒಂದು ಹುಚ್ಚು. ರಜೆಯಲ್ಲಿ ಅಪ್ಪನ ಜೊತೆ ತದಡಿಗೆ ಹೋದರೆ, ಬಲೆ ಕೊಡವಿ ಮೀನು ಆರಿಸಿದ ಮೇಲೆ ಕಸವೆಂದು ಬಿಸಾಡುತ್ತಾರಲ್ಲ, ಅದನ್ನು ಹೆಕ್ಕುತ್ತಾ ಕೂರುತ್ತಿದ್ದಳು. ನಕ್ಷತ್ರ ಮೀನು, ಹೆಸರು ಗೊತ್ತಿಲ್ಲದ ಏಡಿಮರಿ, ನೋಡಿದರೆ ಊಟ ಸೇರದಂಥ ಲೋಳೆ ಲೋಳೆ ಜೀವಗಳು. ಎಲ್ಲವೂ ನನ್ನ ಹುಕ್ಕು-ಗುಂಡಿಯ ಡಬ್ಬಿಯಲ್ಲಿ ಮನೆಗೆ ಬರುತ್ತಿದ್ದವು. ಕುಮಟಾದಲ್ಲಿ ಪಿಯುಸಿ ಮುಗಿಸಿದವಳು, ಸಮುದ್ರದ ಜೀವಿಗಳ ಬಗ್ಗೆಯೇ ಓದುತ್ತೇನೆ, ಕೇರಳದಲ್ಲಿ ಅದಕ್ಕೊಂದು ದೊಡ್ಡ ವಿಶ್ವವಿದ್ಯಾಲಯ ಇದೆ ಎಂದಳು. "ಆ ಕಸಕ್ಕೂ ಕಾಲೇಜು ಅದ್ಯಾ!" ಎಂದು ನನ್ನ ಗಂಡ ಬಾಯಿ ತೆರೆದದ್ದು ಮುಚ್ಚಲಿಲ್ಲ. ಇದೆಯಂತೆ. ಅದಕ್ಕೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಹುಡುಗಿ ಹಗಲೂ ರಾತ್ರಿ ಓದಿ ಬರೆದಳು. ಅವಳಿಗೆ ಬೇರೆ ಯಾವ ಕಾಲೇಜೂ ಬೇಡವಾಗಿತ್ತು.

ವಿಶ್ವವಿದ್ಯಾಲಯದವರು ಅರ್ಜಿ ಕರೆದ ಮೊದಲನೇ ದಿನವೇ ಅಣ್ಣ ಭಟ್ಕಳದ ಸೈಬರ್ ಸೆಂಟರಿನ ಶಟರ್ ಎತ್ತಲು ಕೈ ಕೊಟ್ಟು ಒಳಗೆ ಹೋದ. ಪರೀಕ್ಷೆಯ ಫಲಿತಾಂಶ ಆಗಿನ್ನೂ ಬಂದಿರಲಿಲ್ಲ. ಸ್ಕೋರ್ ಬರೆಯುವ ಜಾಗದಲ್ಲಿ 'ಇನ್ನೂ ಬಂದಿಲ್ಲ' ಎಂದು ಗುರುತು ಹಾಕಿ ಅರ್ಜಿ ಕಳಿಸಿದ. ಇಡೀ ಉತ್ತರ ಕನ್ನಡಕ್ಕೆ ತನ್ನದೇ ಮೊದಲನೇ ಅರ್ಜಿ ಎಂದು ಹೆಮ್ಮೆ ಬೇರೆ! ಸ್ವೀಕೃತಿಯ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಅಂಗಡಿಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದ. ಮಿಕ್ಸಿ ತಂದವರಿಗೆಲ್ಲ ದರ್ಶನ ಮಾಡಿಸಿದ. ಫಲಿತಾಂಶ ಬಂದಾಗ ಮಗಳಿಗೆ ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಅಂಕ ಬಂದಿತ್ತು. ನಾನು ಪೇಡೆ ತರಲು ಹೊರಟರೆ, "ನಾ ಹೋದ ವಾರವೇ ಹಂಚಿ ಆತು" ಎಂದ ಅಣ್ಣ ಫೋನಿನಲ್ಲಿ.

ಅದೇ ಫೋನಿನಲ್ಲಿ ಮಗಳು, "ಮಾವ, ಸ್ಕೋರ್ ಬಂದ್ಮೇಲೆ ಮತ್ತೆ ಒಳಗೆ ಹೋಗಿ ಹಾಕ್ಬೇಕಂತೆ ಅಲ್ದಾ?" ಎಂದು ಕೇಳಿದಳು.

"ಎಲ್ಲಾ ಹಾಕಿ ಲ್ಯಾಮಿನೇಷನ್ ಆಗದೆ ಮಗಾ! ಕೊನೇ ಗಳಿಗೆಲಿ ಓಡುದೆಲ್ಲ ಬೇರೆಯವ್ರ ಕೆಲ್ಸ. ನೀ ಆರಾಮ ಇರು."

ಲ್ಯಾಮಿನೇಷನ್ ಆದ ಮೇಲೆ ಕಾಗದದಲ್ಲಿ ಏನೂ ಬದಲಾಗುವುದಿಲ್ಲ ಎಂಬುದು ನಿಜ. ತೊಂದರೆ ಏನೆಂದರೆ, ಬದಲಾಗಬೇಕಿತ್ತು. ವಿಶ್ವವಿದ್ಯಾಲಯದವರು ಸ್ಕೋರ್ ಸಲ್ಲಿಸಿ, ಸಲ್ಲಿಸಿ ಎಂದು ಮತ್ತೆ ಮತ್ತೆ ಬರೆದ ಈಮೇಲುಗಳೆಲ್ಲ ಸೈಬರಿನವರು ಅಣ್ಣನಿಗೆಂದು ಮಾಡಿಕೊಟ್ಟ ವಿಳಾಸಕ್ಕೆ ಬಂದು ಬಿದ್ದಿದ್ದವು. ಅದನ್ನು ತೆರೆದು ನೋಡುವುದಿರುತ್ತದೆ ಎಂದು ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಕೊನೆಯ ದಿನ ಬಂತು, ಹೋಯಿತು. ಆಯ್ಕೆಯಾದವರ ಪಟ್ಟಿ ಬಂದಾಗ ಅವಳಿಗಿಂತ ಎಷ್ಟೋ ಕಡಿಮೆ ಅಂಕದ ಕುಮಟಾದ ಗೆಳತಿಯ ಹೆಸರಿತ್ತು, ಅವಳದಿರಲಿಲ್ಲ. ಫೋನ್ ಮಾಡಿ ಕೇಳಿದರೆ, "ನಿಮ್ಮ ಸ್ಕೋರ್ ಬಂದಿಲ್ಲ. ಅವಧಿ ಮುಗಿದಿದೆ" ಎಂದರು ಆ ಕಡೆಯವರು.

ಎಲ್ಲರಿಗಿಂತ ಮೊದಲು ಹೋದದ್ದಕ್ಕೇ ತಡವಾದ ಮನುಷ್ಯನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ನಗಬೇಕೆಂದರೆ ನನಗೆ ನಗು ಬರಲಿಲ್ಲ. ಮಗಳು ಅಳಲಿಲ್ಲ, ಬೈಯಲಿಲ್ಲ. ಮಾವನ ಜೊತೆ ಮಾತು ಬಿಟ್ಟಳು. ಅಣ್ಣ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವನು ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಚಾ ಸಹ ಕುಡಿಯದೆ ಭಟ್ಕಳದ ಬಸ್ಸು ಹಿಡಿಯುತ್ತಿದ್ದ. ಅಂಗಡಿಯ ಗೋಡೆಯ ಮೇಲಿನ ಲ್ಯಾಮಿನೇಷನ್ ಅವತ್ತೇ ಇಳಿದಿತ್ತು.

ಅಷ್ಟರಲ್ಲಿ ಉಳಿದ ಸೀಟುಗಳಿಗೆ ನೇರವಾಗಿ ಬನ್ನಿ ಎಂಬ ಪ್ರಕಟಣೆ ಬಂತು. ಮಗಳೇ ಹುಡುಕಿ ಓದಿದಳು. ನಾನು ಅಣ್ಣನಿಗೆ ಫೋನ್ ಮಾಡಿದೆ ಅಷ್ಟೆ. ಮಗಳು ಬಟ್ಟೆ ತುಂಬಿಕೊಳ್ಳುವುದರೊಳಗೆ ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ರೈಲಿನಲ್ಲಿ ನಮ್ಮ ಪಕ್ಕ ಜಾಗವಿದ್ದರೂ ಬಾಗಿಲ ಹತ್ತಿರ ನಿಂತೇ ಬಂದ. ಮರುದಿನ ಬೆಳಿಗ್ಗೆ ನಾವು ವಿಶ್ವವಿದ್ಯಾಲಯದ ಗೇಟಿಗೆ ಹೋದಾಗ ಅವನು ಆಗಲೇ ಸಾಲಿನ ಮೊದಲಿಗನಾಗಿದ್ದ. ನಮ್ಮದೇ ಮೊದಲ ಟೋಕನ್. ಅದನ್ನು ಮಗಳ ಕೈಗೆ ಕೊಡುವ ಧೈರ್ಯವಾಗದೆ ನನ್ನ ಕೈಗೆ ಕೊಟ್ಟ.

ಕೌಂಟರಿನ ಮೇಡಂ ಟೋಕನ್ ನೋಡಿದರು, ಕಂಪ್ಯೂಟರ್ ನೋಡಿದರು. "ಅವಧಿಯೊಳಗೆ ಸ್ಕೋರ್ ಸಲ್ಲಿಸಿದವರು ಮೊದಲು. ನಿಮ್ಮದು ಎಲ್ಲರೂ ಮುಗಿದ ಮೇಲೆ, ಸೀಟು ಉಳಿದರೆ" ಎಂದರು ಇಂಗ್ಲಿಷಿನಲ್ಲಿ. ಅಣ್ಣ ಮುಂದೆ ಬಂದು ಕನ್ನಡ, ಕೊಂಕಣಿ, ಉರ್ದು ಮೂರನ್ನೂ ಕೂಡಿಸಿ, ಹುಡುಗಿಯದು ಏನೂ ತಪ್ಪಿಲ್ಲ, ತಪ್ಪೆಲ್ಲ ತನ್ನದು, ಶಿಕ್ಷೆ ಏನಿದ್ದರೂ ತನಗೆ ಕೊಡಿ ಎಂದು ಹೇಳಿದ. ಮೇಡಂ ಪಾಪ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎರಡನೇ ಟೋಕನಿನವರನ್ನು ಕರೆದರು.

ನಮ್ಮಣ್ಣ ಜೀವಮಾನದಲ್ಲೇ ಮೊದಲ ಸಲ ಸಾಲಿನ ಕೊನೆಗೆ ಹೋಗಿ ನಿಂತ. ಒಬ್ಬೊಬ್ಬರೇ ಒಳಗೆ ಹೋಗಿ ನಗುತ್ತಾ ಹೊರಗೆ ಬಂದರು. ಊಟದ ಹೊತ್ತು ದಾಟಿತು. ಕೊನೆಗೆ ಮಗಳ ಹೆಸರು ಕರೆದರು. ಹೋದಷ್ಟೇ ಬೇಗ ಹೊರಗೆ ಬಂದಳು. ಕೊನೆಯ ಸೀಟು ಅವಳಿಗಿಂತ ಮುಂದಿನವನಿಗೆ ಹೋಗಿತ್ತು.

ಸ್ಟೇಷನ್ನಿನ ಬೆಂಚಿನ ಮೇಲೆ ನಾವು ಮೂವರೂ ಕೂತೆವು. ನಡುವೆ ಮಗಳು. ಸಂಜೆಯ ಬಿಸಿಲು ಹಳಿಗಳ ಮೇಲೆ ಬಿದ್ದಿತ್ತು. ಅಣ್ಣ ಹಳಿಗಳನ್ನೇ ನೋಡುತ್ತಾ, "ನನ್ನಿಂದ ನಿನ್ನ ಒಂದು ವರ್ಷ ಹೋತು ಮಗಾ" ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದೇ ಇಲ್ಲ. ಬದುಕಿಡೀ ಏನೂ ಕೈತಪ್ಪಬಾರದು ಎಂದು ಓಡಿದವನು, ತನಗೆ ಎಲ್ಲಕ್ಕಿಂತ ಪ್ರೀತಿಯ ಹುಡುಗಿಯ ಕೆಲಸದಲ್ಲೇ ಹೀಗೆ ಸೋತಿದ್ದ.

ಮಗಳು ಮೂಗು ಒರೆಸಿಕೊಂಡು ಮಾವನ ಕಡೆ ತಿರುಗಿದಳು. "ವರ್ಷ ಎಲ್ಲಿ ಹೋಗ್ತದೆ ಮಾವ? ಈಗ ಕುಮಟಾದಲ್ಲಿ ಬಿಎಸ್ಸಿಗೆ ಹೋಗ್ತೆ. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರಿತೆ. ಇದಕ್ಕಿಂತ ಹೆಚ್ಚು ತೆಗೀತೆ, ನೋಡು. ಅರ್ಜಿ ನಾನೇ ಹಾಕ್ತೆ. ನೀ ಬರೀ ನನ್ನ ಸಂಗಡ ಬಂದು ಕೂತ್ಕ."

ಅಣ್ಣ ಬೆಂಚಿನ ಮೇಲೆ ನೆಟ್ಟಗೆ ಕೂತ. "ಎಷ್ಟೊತ್ತಿಗೆ ಬರ್ಬೇಕು?"

ನಾವಿಬ್ಬರೂ ನಕ್ಕ ನಗುವಿಗೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಹಿಂದಿನ ದಿನದಿಂದ ಕಣ್ಣು ಮುಚ್ಚದ ಹುಡುಗಿ ನಗುನಗುತ್ತಲೇ ಮಾವನ ಭುಜಕ್ಕೆ ತಲೆ ಕೊಟ್ಟು, ಅಲ್ಲೇ ನಿದ್ದೆಹೋದಳು.

ಸ್ವಲ್ಪ ಹೊತ್ತಿಗೆ ನಮ್ಮ ರೈಲು ಬಂತು. ನಾನು ಎದ್ದು ಚೀಲಗಳನ್ನು ಎತ್ತಿಕೊಂಡೆ. ಅಣ್ಣ ಏಳಲಿಲ್ಲ. ಮಗಳನ್ನು ಎಬ್ಬಿಸಲು ಕೈ ಚಾಚಿದರೆ ನನ್ನ ಕೈ ಹಿಡಿದ. "ಅಣ್ಣ, ಗಾಡಿ ಹೋಗ್ತದೆ!" ಎಂದೆ.

"ಹೋಗ್ಲಿ. ಹುಡ್ಗಿ ಮಲಗ್ಲಿ" ಎಂದ ಮೆಲ್ಲಗೆ. "ಇನ್ನೊಂದು ಗಾಡಿ ಅದೆ."

ರೈಲು ನಮ್ಮೆದುರೇ ಹೊರಟುಹೋಯಿತು. ನಾನು ಚೀಲ ಕೆಳಗಿಟ್ಟು ಕಣ್ಣೊರೆಸಿಕೊಂಡೆ. ಅಣ್ಣ ಭುಜ ಅಲುಗಿಸದೆ ಕೂತೇ ಇದ್ದ.