ಎಲ್ಲರ ಮನೆಯ ಕಾಶವ್ವ

ಪ್ರಲ್ಹಾದನ ಭಾನುವಾರ ಹಾಳಾದದ್ದು ಒಂದೇ ಒಂದು ಸಾಲಿನಿಂದ. ಆ ಸಾಲನ್ನು ಬರೆದವನೂ ಅವನೇ ಆದ್ದರಿಂದ, ಬಯ್ಯೋಣವೆಂದರೆ ಬೇರೆ ಯಾರೂ ಕೈಗೆ ಸಿಗುವಂತಿರಲಿಲ್ಲ.

ಧಾರವಾಡದ ಹುಡುಗ, ಪುಣೆಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ಶಿವಾಜಿನಗರದ ಒಂದು ಕಂಪನಿಯಲ್ಲಿ ವೆಬ್ ಆ್ಯಪ್ ಬರೆಯುವ ಕೆಲಸ. ಈ ಸಂಗತಿ ಗೊತ್ತಾದದ್ದೇ ತಡ, ಅವನಿದ್ದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಸಿದ್ರಾಮಪ್ಪ ಅವನನ್ನು ಲಿಫ್ಟಿನಲ್ಲಿ ಹಿಡಿದರು. ಸಿದ್ರಾಮಪ್ಪನವರು ಸೋಲಾಪುರದಲ್ಲಿ ಚಾದರದ ವ್ಯಾಪಾರ ಮಾಡಿ ಮುಗಿಸಿ, ಈಗ ಸೊಸೈಟಿಯನ್ನೇ ಅಂಗಡಿಯ ಹಾಗೆ ನಡೆಸುತ್ತಿದ್ದ ಮನುಷ್ಯ.

"ಪ್ರಲ್ಹಾದರಾವ್, ಗೇಟಿನಾಗ ಯಾರು ಬರತಾರ, ಯಾರು ಹೋಗತಾರ, ಒಂದೂ ತಿಳಿಯೂದಿಲ್ಲ. ಒಂದು ಆ್ಯಪ್ ಮಾಡಿಕೊಡ್ರಿ. ಯಾವ ಮನಿಗೆ ಯಾವ ಕೆಲಸದವರು ಅಂತ ಅದರಾಗ ಇರಬೇಕು. ಆ್ಯಪಿನಾಗ ಇದ್ದರ ಒಳಗ, ಇಲ್ಲಂದರ ಹೊರಗ."

"ಆಗಲಿ ಬಿಡ್ರಿ," ಎಂದ ಪ್ರಲ್ಹಾದ. ಇಲ್ಲ ಎನ್ನುವ ಮಾತು ಅವನ ಬಾಯಿಗೆ ಬಾರದು. ಹೆಂಡತಿ ವರದಾ ಇದನ್ನು ಮದುವೆಯಾದ ವಾರದಲ್ಲೇ ಕಂಡುಕೊಂಡಿದ್ದಳು. ಮೊದಮೊದಲು ಅದು ಅವಳಿಗೆ ಒಳ್ಳೆಯ ಗುಣವಾಗಿಯೇ ಕಂಡಿತ್ತು.

ಆ್ಯಪ್ ಬರೆಯಲು ಕೂತಾಗ ಪ್ರಲ್ಹಾದ ವಿಚಾರವನ್ನೇನೋ ಮಾಡಿದ. ಒಂದು ಮನೆಗೆ ಹಲವು ಮಂದಿ ಬರಬಹುದು: ಪಾತ್ರೆ ತಿಕ್ಕುವವರು, ನೆಲ ಒರೆಸುವವರು, ಕಾರು ತೊಳೆಯುವವರು. ಸರಿ. ಇನ್ನು ಒಬ್ಬ ಕೆಲಸದವಳಿಗೆ ಎಷ್ಟು ಮನೆ? ಅವನಿಗೆ ನೆನಪಾದವಳು ಕಾಶವ್ವ. ದಿನಾ ಬೆಳಿಗ್ಗೆ ಬಂದು ಪಾತ್ರೆ ತಿಕ್ಕಿ, ಜೋಳದ ರೊಟ್ಟಿ ಬಡಿದು ಹೋಗುವ ಕಾಶವ್ವನಿಗೆ ಅವರ ಮನೆಯಲ್ಲಿ 'ನಮ್ಮ ಕಾಶವ್ವ' ಎಂದೇ ಹೆಸರು. ನಮ್ಮ ಕಾಶವ್ವ ಯಾವ ಮನೆಯವಳು? ನಮ್ಮ ಮನೆಯವಳು. ಹೀಗಾಗಿ ಅವನು ಡೇಟಾಬೇಸಿನಲ್ಲಿ ಕೆಲಸದವರ ಹೆಸರಿನ ಮುಂದೆ ಮನೆಯ ನಂಬರಿಗೆಂದು ಒಂದೇ ಒಂದು ಖಾನೆ ಇಟ್ಟ. ಅದೇ ಆ ಸಾಲು. ಒಂದು ಖಾನೆ ಎಂದ ಮೇಲೆ ಹೊಸ ನಂಬರು ಬಂದರೆ ಹಳೆಯದು ಅಳಿಸಿಹೋಗುವುದೇ. ತನ್ನ ಮನೆಯನ್ನಷ್ಟೇ ಹಾಕಿ ನೋಡಿದ, ಸೊಗಸಾಗಿ ನಡೆಯಿತು. ಕಾಶವ್ವ ಅದೇ ಕಟ್ಟಡದಲ್ಲಿ ಇನ್ನೂ ಮೂರು ಮನೆ ಮಾಡುತ್ತಾಳೆ, ಆ ಮನೆಗಳವರೂ ಅವಳನ್ನು 'ನಮ್ಮ ಕಾಶವ್ವ' ಎಂದೇ ಕರೆಯುತ್ತಾರೆ ಎಂಬುದು ಪಾಪ ಅವನಿಗೆ ಹೊಳೆಯಲೇ ಇಲ್ಲ.

ಆ್ಯಪ್ ಗೇಟಿಗೆ ಬಂದದ್ದು ಭಾನುವಾರ. ವರದಾಳ ತೌರಿನವರು ಬರುವುದೂ ಅದೇ ಭಾನುವಾರ. ಅವಳ ಅಪ್ಪ, ಅವ್ವ, ಕಾಕಾ, ಮೌಶಿ, ಅವರ ಮಕ್ಕಳು ಮರಿ ಎಲ್ಲ ಒಂದು ಟೆಂಪೋ ತುಂಬಿಕೊಂಡು ಜೇಜುರಿಗೆ ಖಂಡೋಬಾನ ದರ್ಶನಕ್ಕೆ ಹೋಗಿದ್ದರು. ತಿರುಗಿ ಬರುವಾಗ ಮಗಳ ಮನೆಯಲ್ಲಿ ಊಟ.

ಹೋದ ಸಲ ಅವರು ಬಂದಾಗ ಕಾಶವ್ವ ಊರಿಗೆ ಹೋಗಿದ್ದಳು. ವರದಾ ಮೆಸ್ಸಿನಿಂದ ಚಪಾತಿ ತರಿಸಿ ಬಡಿಸಿದ್ದಳು. ಅವಳ ಅಪ್ಪ ಏನೂ ಅನ್ನದೆ ಉಂಡು, ಧಾರವಾಡಕ್ಕೆ ಹೋಗಿ, "ಮಗಳು ಪುಣೆಕ್ಕ ಹೋಗಿ ಪೊಟ್ಟಣದ ಊಟ ಕಲಿತಾಳ," ಎಂದು ಓಣಿಗೆಲ್ಲ ಹೇಳಿದ್ದರು. ಆ ಮಾತು ವರದಾಳ ಮನಸ್ಸಿನಲ್ಲಿ ಇನ್ನೂ ನಾಟಿತ್ತು. ಈ ಸಲ ಮಾವ ಫೋನಿನಲ್ಲಿ, "ರೊಟ್ಟಿ ಸಿಗತಾವೋ ಇಲ್ಲೋ?" ಎಂದು ಕೇಳಿದಾಗ ಪ್ರಲ್ಹಾದ ಎಂದಿನಂತೆ, "ಆಗಲಿ ಬಿಡ್ರಿ, ಬಿಸಿ ಬಿಸಿ ರೊಟ್ಟಿ," ಎಂದುಬಿಟ್ಟಿದ್ದ. ವರದಾಳಿಗೆ ರೊಟ್ಟಿ ಬಡಿಯಲು ಬಾರದು. ಅವಳು ಬಡಿದ ರೊಟ್ಟಿ ಕೈಯಿಂದ ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಗುತ್ತಿತ್ತು.

ಕಾಶವ್ವ ಬರುವ ಹೊತ್ತು ಮೀರಿತು. ಪ್ರಲ್ಹಾದ ಗೇಟಿಗೆ ಇಂಟರ್‌ಕಾಮ್ ಮಾಡಿದ. ವಾಚ್‌ಮನ್ ಸುಖೇಶ್ ಹಿಂದಿಯಲ್ಲಿ ಉತ್ತರ ಕೊಟ್ಟ.

"ಕಾಶವ್ವ ತೋ ಆ ಗಯೀ ಸಾಬ್. ಲೇಕಿನ್ ಆ್ಯಪ್ ಮೇ ಭಾಮಾಬಾಯಿ ಕಾ ಘರ್ ಹೈ. ವಹೀಂ ಭೇಜಾ."

"ಔರ್ ಹಮಾರಾ ಘರ್?"

"ಆಪ್ ಕಾ ನಹೀಂ ದಿಖಾ ರಹಾ. ಸೆಕ್ರೆಟರಿ ಸಾಬ್ ಬೋಲೇ, ಜೋ ಆ್ಯಪ್ ಮೇ ಹೈ ವಹೀ ಸಹೀ."

ಆ್ಯಪು ಭಾಮಾಬಾಯಿಯ ಮನೆ ತೋರಿಸುತ್ತದೆ, ನಿಮ್ಮದು ಕಾಣುತ್ತಿಲ್ಲ, ಅದಕ್ಕೇ ಅಲ್ಲಿಗೆ ಕಳಿಸಿದೆ ಎಂಬ ಅವನ ಮಾತು ಕೇಳಿ ಪ್ರಲ್ಹಾದ ಲ್ಯಾಪ್‌ಟಾಪ್ ತೆರೆದು ನೋಡಿದ. ಐದನೆಯ ಮಹಡಿಯ ಭಾಮಾಬಾಯಿ ಬೆಳಿಗ್ಗೆ ಎದ್ದು ಫೋನಿನ ಆ್ಯಪಿನಲ್ಲಿ 'ನಮ್ಮ ಕಾಶವ್ವ' ಎಂದು ತಮ್ಮ ಮನೆಗೆ ಸೇರಿಸಿಕೊಂಡಿದ್ದರು. ಖಾನೆಯಲ್ಲಿದ್ದ ಪ್ರಲ್ಹಾದನ ಮನೆ ಅಳಿಸಿಹೋಗಿತ್ತು. ಅವನಿಗೆ ತನ್ನ ತಪ್ಪು ಆಗ ತಿಳಿಯಿತು.

"ಏನಾಗೇದ?" ಎಂದಳು ವರದಾ.

"ಏನಿಲ್ಲ. ಕಾಶವ್ವಗ ನಾ ಒಂದ ಮನಿ ಕೊಟ್ಟೀನಿ. ಭಾಳ ಮನಿ ಕೊಡಬೇಕಾಗಿತ್ತು."

"ಆಕಿಗೆ ಮನಿ ಕೊಡಲಿಕ್ಕೆ ನೀವ್ಯಾರ್ರಿ? ನನ್ನ ರೊಟ್ಟಿ ಏನಾಗತಾವ ಅದನ್ನ ಹೇಳ್ರಿ."

ತಪ್ಪನ್ನು ಪೂರಾ ಸರಿಮಾಡಲು ಹೊತ್ತು ಹಿಡಿಯುತ್ತದೆ. ಸದ್ಯಕ್ಕೆ ಕಾಶವ್ವ ಬಂದರೆ ಸಾಕು ಎಂದುಕೊಂಡು ಪ್ರಲ್ಹಾದ ಖಾನೆಯಲ್ಲಿ ತನ್ನ ಮನೆಯ ನಂಬರು ಹಾಕಿ ಉಳಿಸಿದ. ಗೇಟಿನಲ್ಲಿ ಆ್ಯಪ್ ನೋಡಲೆಂದು ಸುಖೇಶನಿಗೆ ಕೊಟ್ಟಿದ್ದ ಟ್ಯಾಬ್ಲೆಟ್ ಟಿಣ್ ಎಂದಿತು. ಸುಖೇಶ ಭಾಮಾಬಾಯಿಯವರಿಗೆ ಇಂಟರ್‌ಕಾಮ್ ಮಾಡಿ, ಕಾಶವ್ವನನ್ನು ಮೂರನೆಯ ಮಹಡಿಗೆ, ಪ್ರಲ್ಹಾದನ ಮನೆಗೆ ಕಳಿಸಿ ಎಂದ. ಕೈಗೆ ಹತ್ತಿದ ಸಾಬೂನಿನ ನೊರೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕಾಶವ್ವ ಲಿಫ್ಟ್ ಹತ್ತಿದಳು.

ಭಾಮಾಬಾಯಿ ಬೆಳಗಾವಿಯವರು, ಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅರ್ಧ ತಿಕ್ಕಿದ ಪಾತ್ರೆಯನ್ನು ಬಿಟ್ಟು ಹೋಗುವುದನ್ನು ಸಹಿಸುವ ಜೀವವಲ್ಲ. ಅವರೂ ಫೋನು ತೆಗೆದು ಮತ್ತೊಮ್ಮೆ ಸೇರಿಸಿದರು. ಕಾಶವ್ವ ಪ್ರಲ್ಹಾದನ ಅಡುಗೆಮನೆಯಲ್ಲಿ ಹಿಟ್ಟಿಗೆ ನೀರು ಹಾಕಿದ್ದಳಷ್ಟೇ, ಮತ್ತೆ ಮೇಲಿನಿಂದ ಕರೆ. ಅಷ್ಟು ಹೊತ್ತಿಗೆ, ಕೊನೆಗೆ ಗುಂಡಿ ಒತ್ತಿದವರಿಗೇ ಕಾಶವ್ವ ಎಂಬ ಗುಟ್ಟು ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಅವಳು ಕೆಲಸ ಮಾಡುವ ಮನೆಗಳವರೆಲ್ಲ ಸರದಿಯ ಮೇಲೆ ಒತ್ತತೊಡಗಿದರು. ಎರಡನೆಯ ಮಹಡಿ, ಆರನೆಯ ಮಹಡಿ, ಮತ್ತೆ ಐದನೆಯದು. ಟ್ಯಾಬ್ಲೆಟ್ ದೇವರ ಗಂಟೆಯ ಹಾಗೆ ಬಡಿದುಕೊಳ್ಳುತ್ತಿತ್ತು. ಕಾಶವ್ವ ಯಾವ ಮನೆಯಲ್ಲೂ ಇಲ್ಲದೆ ಲಿಫ್ಟಿನಲ್ಲೇ ಉಳಿದಳು.

ಕೊನೆಗೆ ಅವಳು ನೆಲಮಹಡಿಯಲ್ಲಿ ಇಳಿದು, ಸುಖೇಶನ ಕುರ್ಚಿಯಲ್ಲಿ ಕೂತು, ಅವನ ಚಹಾವನ್ನೇ ಕುಡಿಯತೊಡಗಿದಳು.

"ಎಲ್ಲಾರೂ ಕೂಡಿ ಒಂದ ಮಾತಿಗೆ ಬರ್ರಿ. ಅಲ್ಲೀತನಕ ನಾ ಏಳೂದಿಲ್ಲ," ಎಂದಳು.

ಮಂದಿ ಕೂಡಿದರು. ಭಾಮಾಬಾಯಿ ಪ್ರಲ್ಹಾದನನ್ನು ಮನೆಪಾಠ ಮಾಡದೆ ಬಂದ ಹುಡುಗನನ್ನು ನೋಡಿದಂತೆ ನೋಡಿದರು. "ಇಷ್ಟು ವರ್ಷ ಆಕಿ ಎಲ್ಲಾರ ಮನಿಗೂ ಬರತಿದ್ಲು. ಒಂದ ದಿನನಾದರೂ ಜಗಳ ಆಗಿತ್ತೇನು?"

"ತಪ್ಪು ನಂದರಿ," ಎಂದ ಪ್ರಲ್ಹಾದ.

"ತಪ್ಪಂದರ ರೊಟ್ಟಿ ಆಗತಾವೇನು?" ಎಂದಳು ವರದಾ, ಎಲ್ಲರ ಎದುರಿಗೇ. ಟೆಂಪೋ ಸಾಸವಡ ದಾಟಿದೆ ಎಂದು ಅವಳ ಅಪ್ಪನ ಫೋನು ಆಗತಾನೇ ಬಂದಿತ್ತು.

ಪ್ರಲ್ಹಾದ ಅಲ್ಲೇ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ. ಸುತ್ತಲೂ ಅರ್ಧ ಸೊಸೈಟಿ ನಿಂತಿತ್ತು. ಸಿದ್ರಾಮಪ್ಪ ಹೆಗಲ ಮೇಲಿನಿಂದ ಬಗ್ಗಿ, "ಈಗೇನು ಮಾಡಾಕತ್ತೀರಿ?" ಎಂದರು.

"ಒಂದು ಖಾನೆ ಇಟ್ಟಿದ್ದು ತಪ್ಪಾತರಿ. ಕೆಲಸದವರದೊಂದು ಪಟ್ಟಿ, ಮನಿಗೋಳದೊಂದು ಪಟ್ಟಿ ಇರಲಿ. ನಡುವ ಮೂರನೇದೊಂದು ಪಟ್ಟಿ ಮಾಡತೀನಿ. ಅದರಾಗ ಬರೀ ಗಂಟು. ಕಾಶವ್ವಗೂ ಭಾಮಾಬಾಯಿಗೂ ಒಂದು ಗಂಟು, ಕಾಶವ್ವಗೂ ನಮ್ಮ ಮನಿಗೂ ಇನ್ನೊಂದು. ಎಷ್ಟು ಗಂಟು ಹಾಕಿದರೂ ಒಂದಕ್ಕೊಂದು ಅಡ್ಡ ಬರೂದಿಲ್ಲ. ಮೆನಿ-ಟು-ಮೆನಿ ಅಂತಾರ ಇದಕ್ಕ."

"ಇದು ಆಗಲೇ ಯಾಕ ಮಾಡಲಿಲ್ಲ?" ಎಂದರು ಭಾಮಾಬಾಯಿ. ಅವನು ತಲೆ ಎತ್ತದೆ ಟೈಪು ಮಾಡುತ್ತ ಹೋದ.

ಚಹಾ ಮುಗಿಸಿ ಬಟ್ಟಲನ್ನು ಕೈಯಲ್ಲೇ ಹಿಡಿದು ಕೂತಿದ್ದ ಕಾಶವ್ವ ಅವನ ಕಣ್ಣಿಗೆ ಬಿದ್ದಳು. ಬೆಳಗಿನಿಂದ ಅವಳನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಎಲ್ಲರ ಫೋನಿನಲ್ಲೂ ಗುಂಡಿ ಇತ್ತು, ಅವಳ ಫೋನಿನಲ್ಲಿ ಮಾತ್ರ ಇರಲಿಲ್ಲ. ಗಂಟು ಎಂದ ಮೇಲೆ ಅದಕ್ಕೆ ಎರಡು ತುದಿ ಇರುತ್ತದೆ, ಒಂದೇ ತುದಿ ಹಿಡಿದವರ ಮಾತು ನಡೆಯುವುದು ಅನ್ಯಾಯ ಎನಿಸಿತು. ಇನ್ನೂ ಕೆಲವು ಸಾಲು ಬರೆದ. ಗಂಟು ಬೀಳಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಬಿಚ್ಚಬೇಕಾದರೆ ಯಾರೊಬ್ಬರು ಒತ್ತಿದರೂ ಸಾಕು.

"ಕಾಶವ್ವ, ನಿನ್ನ ಫೋನ್ ಕೊಡು. ನೋಡಿಲ್ಲೆ, ನಿನ್ನ ಮನಿಗೋಳೆಲ್ಲ ಇಲ್ಲಿ ಬರತಾವ. ಹಸರ ಒತ್ತಿದರ ಹೂಂ ಅಂದಂಗ, ಕೆಂಪು ಒತ್ತಿದರ ಒಲ್ಲೆ ಅಂದಂಗ. ಇನ್ನ ಮ್ಯಾಲೆ ನಿನ್ನ ಕೇಳದ ಯಾರೂ ನಿನ್ನ ಓಡ್ಯಾಡಸೂ ಹಂಗಿಲ್ಲ."

ಕಾಶವ್ವ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಖರೇ ಏನ್ರೀ ಅಣ್ಣಾರ? ನಾ ಒಲ್ಲೆ ಅನಬೌದಾ?"

"ಅನಬಹುದು," ಎಂದ ಪ್ರಲ್ಹಾದ. ಬೆಳಗಿನಿಂದ ಮೊದಲ ಸಲ ಅವನಿಗೆ ತನ್ನ ಬಗ್ಗೆ ಹೆಮ್ಮೆಯೆನಿಸಿತು.

ಅವಳು ಒಂದೊಂದಾಗಿ ಹಸಿರು ಒತ್ತುತ್ತ ಹೋದಳು. ಪ್ರಲ್ಹಾದನ ಮನೆ, ಭಾಮಾಬಾಯಿಯವರ ಮನೆ, ಎರಡನೆಯ ಮಹಡಿ, ಆರನೆಯ ಮಹಡಿ. ಕೊನೆಗೆ ಒಂದು ಹೊಸ ಮನೆ ಬಂತು. ಈಗ ಎಷ್ಟು ಗಂಟಾದರೂ ಹಾಕಬಹುದೆಂದು ತಿಳಿದು ಸಿದ್ರಾಮಪ್ಪನವರೂ ಸದ್ದಿಲ್ಲದೆ ತಮ್ಮ ಮನೆಯನ್ನು ಸೇರಿಸಿದ್ದರು.

"ನಮ್ಮ ಮನ್ಯಾಗ ಕೆಲಸ ಭಾಳ ಇಲ್ಲ," ಎಂದರು ಅವರು. ಗೇಟಿನ ಯಜಮಾನರೇ ಅವರು. ಕಾಶವ್ವ ಒಂದು ಕ್ಷಣ ಅವರ ಮುಖ ನೋಡಿ ಹಸಿರು ಒತ್ತಿದಳು.

ಆಮೇಲೆ ಎಲ್ಲವೂ ಸುಸೂತ್ರವಾಯಿತು. ಕಾಶವ್ವ ಬಂದಳು, ಹಂಚು ಕಾಯಿತು, ಮನೆಯಲ್ಲಿ ಪಟಪಟ ಸದ್ದು ಕೇಳತೊಡಗಿತು. ಟೆಂಪೋ ಬಂದಾಗ ರೊಟ್ಟಿ ಬುಟ್ಟಿ ತುಂಬಿತ್ತು. ತಲೆ, ಹಣೆ, ಅಂಗಿಯ ಮೇಲೆಲ್ಲ ಜೇಜುರಿಯಲ್ಲಿ ದೇವರಿಗೆ ಎರಚುವ ಅರಿಸಿನ ಮೆತ್ತಿಕೊಂಡ ಮಂದಿ ಬಂದು ಸೋಫಾದ ಮೇಲೆ ಕೂತರು. ಸೋಫಾ ಹಳದಿಯಾಯಿತು, ಬಾಗಿಲು ಹಳದಿಯಾಯಿತು, ವರದಾ ಅದನ್ನು ನೋಡಿಯೂ ನಗುತ್ತಿದ್ದಳು. ಮಾವ ಮೊದಲ ರೊಟ್ಟಿ ಮುರಿದು, ಬದನೆಕಾಯಿ ಎಣ್ಣೆಗಾಯಿ ಹಚ್ಚಿಕೊಂಡು ಬಾಯಿಗಿಟ್ಟು, ಕಣ್ಣು ಮುಚ್ಚಿದರು. ಪ್ರಲ್ಹಾದ ಅಡುಗೆಮನೆಯ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟ.

ಕಡೆಯ ಪಂಕ್ತಿ ಏಳುವ ಹೊತ್ತಿಗೆ ಕಾಶವ್ವ ಕೈತೊಳೆದು ಹೊರಟಳು. ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಪ್ರಲ್ಹಾದನ ಫೋನು ಟಿಣ್ ಎಂದಿತು. 'ಕಾಶವ್ವ ನಿಮ್ಮ ಮನೆಯನ್ನು ಬಿಟ್ಟಿದ್ದಾರೆ.' ಸಂದೇಶದ ಆ ಮಾತುಗಳನ್ನೂ ಅವನೇ ಬರೆದಿದ್ದ.

"ಕಾಶವ್ವ, ತಪ್ಪಿ ಕೆಂಪು ಒತ್ತೀಯೇನು?"

"ಇಲ್ರೀ ಅಣ್ಣಾರ. ನೋಡೇ ಒತ್ತೀನಿ." ಅವಳು ಒಳಗಿನವರಿಗೆ ಕೇಳದಂತೆ ದನಿ ತಗ್ಗಿಸಿದಳು. "ಸೆಕ್ರೆಟರಿ ಸಾಹೇಬ್ರ ಮನಿ ಕೂಡಿತಲ್ರೀ, ಒಂದ ಮನಿ ಬಿಡಾಕಬೇಕು, ಹೊತ್ತ ಸಾಲೂದಿಲ್ಲ. ಅವರನ್ನ ಬಿಟ್ಟರ ಗೇಟಿನ್ಯಾಗ ನಿಂದರಸ್ತಾರ. ಭಾಮಾಬಾಯಾರನ್ನ ಬಿಟ್ಟರ ಬೈತಾರ. ಉಳದವರೂ ಹಂಗ. ರೊಟ್ಟಿ ಬಡಿಯೂತನಕ ವಿಚಾರ ಮಾಡಿದೆ, ಯಾರನ್ನ ಬಿಟ್ಟರ ಸಿಟ್ಟ ಮಾಡೂದಿಲ್ಲ ಅಂತ. ನೀವೊಬ್ಬರ ಬಂದ್ರಿ ಕಣ್ಣಮುಂದ."

ಪ್ರಲ್ಹಾದ ಫೋನಿನಲ್ಲಿದ್ದ ಸಂದೇಶವನ್ನು ಮತ್ತೊಮ್ಮೆ ಓದಿದ.

"ಒಲ್ಲೆ ಅನಬೌದು ಅಂತ ನಂಗ ಈ ಊರಾಗ ಯಾರೂ ಹೇಳಿದ್ದಿಲ್ಲ ಬಿಡ್ರಿ. ನೀವು ಭಾಳ ಛಲೋ ಮಂದಿ," ಎಂದು ಅವನ ಕೈ ಮುಟ್ಟಿ, ಕಣ್ಣಲ್ಲಿ ನೀರು ತಂದುಕೊಂಡು ಕಾಶವ್ವ ಲಿಫ್ಟ್ ಹತ್ತಿದಳು. ಲಿಫ್ಟ್ ಸಿದ್ರಾಮಪ್ಪನವರ ಮಹಡಿಗೆ ಹೋಯಿತು.

ಅವನು ಬಾಗಿಲಲ್ಲೇ ನಿಂತು ಫೋನಿನಲ್ಲಿ ಮತ್ತೆ ತನ್ನ ಮನೆಯನ್ನು ಸೇರಿಸಿ ನೋಡಿದ. 'ಎರಡನೆಯವರ ಒಪ್ಪಿಗೆಗಾಗಿ ಕಾಯಿರಿ' ಎಂದು ಬಂತು. ಬೆಳಗಿನಿಂದ ಬರೆದದ್ದರಲ್ಲಿ ಒಂದೂ ತಪ್ಪಿಲ್ಲದೆ ನಡೆಯುತ್ತಿದ್ದದ್ದು ಅದೊಂದೇ ಸಾಲು.

ಒಳಗೆ ಮಾವ ಎಲೆಯಡಿಕೆ ಹಾಕಿಕೊಂಡು, ಹಳದಿ ಸೋಫಾಕ್ಕೆ ಒರಗಿ, ಅಳಿಯನನ್ನು ಹತ್ತಿರ ಕರೆದರು. ವರದಾ ಅವರ ಪಕ್ಕದಲ್ಲಿ ಹಿಗ್ಗಿ ಕೂತಿದ್ದಳು, ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

"ರೊಟ್ಟಿ ಭಾಳ ಛಲೋ ಆಗಿದ್ದವು ನೋಡಪಾ. ಇನ್ನ ನಾಲ್ಕು ದಿನ ಇಲ್ಲೇ ಇದ್ದು ಹೋಗೋಣು ಅಂತ ಎಲ್ಲಾರೂ ಅನ್ನಾಕತ್ಯಾರ. ನಾಳೆನೂ ಇವೇ ರೊಟ್ಟಿ ಅಲ್ಲೇನು?"

ಪ್ರಲ್ಹಾದ ಹೆಂಡತಿಯ ಮುಖ ನೋಡಿದ, ಮಾವನ ಮುಖ ನೋಡಿದ, ಬಚ್ಚಲಿನ ತನಕ ಸಾಲಾಗಿ ಬಿದ್ದ ಎಂಜಲು ತಟ್ಟೆಗಳನ್ನು ನೋಡಿದ.

"ಆಗಲಿ ಬಿಡ್ರಿ," ಎಂದು, ಜೋಳದ ಹಿಟ್ಟಿನ ಡಬ್ಬಿ ಎಲ್ಲಿರುತ್ತದೆಂದು ಹುಡುಕಲು ಅಡುಗೆಮನೆಗೆ ಹೋದ.