ನಮ್ಮ ಮನೆಯ ಮೆಟ್ಟಿಲು ಮತ್ತು ಜಯಮ್ಮನ ಹಸು

ಮನೆ ಕಟ್ಟುವುದಕ್ಕೆ ಇಂಜಿನಿಯರ್ ಯಾಕೆ ಬೇಕು?

ಈ ಪ್ರಶ್ನೆಯನ್ನು ನಾನು ಮೊದಲು ಎತ್ತಿದ್ದು ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ದೋಸೆ ಮಗುಚುತ್ತಾ. ಎದುರಿಗೆ ನಮ್ಮ ಯಜಮಾನರು ತಟ್ಟೆ ಹಿಡಿದು ನಿಂತಿದ್ದರು. ದೋಸೆ ತಟ್ಟೆಗೆ ಬೀಳುವವರೆಗೆ ಅವರು ಯಾವ ವಿಷಯದಲ್ಲೂ ಅಭಿಪ್ರಾಯ ಕೊಡುವವರಲ್ಲ.

"ಗೋಡೆ ಅಂದ್ರೆ ಏನ್ರೀ? ಉದ್ದ, ಅಗಲ, ಎತ್ತರ. ಇಷ್ಟು ವರ್ಷ ನಾನು ಮಕ್ಕಳಿಗೆ ಹೇಳ್ಕೊಡ್ತಿರೋದು ಇನ್ನೇನು?" ಎಂದೆ.

"ಗಣಿತ ಅಲ್ವಾ?" ಎಂದರು, ದೋಸೆ ಬಿದ್ದ ಮೇಲೆ.

"ಮನೇನೂ ಅದೇ ಕಣ್ರೀ!"

ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತ್ರಿಕೋನ, ಚತುರ್ಭುಜ, ಸಿಲಿಂಡರು ಎಲ್ಲವೂ ನನ್ನ ಕೈಯಲ್ಲಿ ಬೆಕ್ಕಿನಮರಿಗಳಂತೆ ಆಡಿಕೊಂಡಿರುತ್ತವೆ. ಹೀಗಿರುವಾಗ ಕೆಂಗೇರಿಯ ಆಚೆ ನಾವು ಕೊಂಡಿದ್ದ ಸೈಟಿನಲ್ಲಿ ಒಂದು ಮನೆ ಎಬ್ಬಿಸುವುದು ಯಾವ ಮಹಾ ವಿದ್ಯೆ? ಆ ಭಾನುವಾರವೇ ಗ್ರಾಫ್ ಹಾಳೆ, ಸ್ಕೇಲು, ಪೆನ್ಸಿಲು ಹಿಡಿದು ಕೂತೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ಲಾನ್ ರೆಡಿ! ಕೆಳಗೆ ಬಾಡಿಗೆಗೊಂದು ಪೋರ್ಷನ್, ಮಹಡಿಯಲ್ಲಿ ನಾವು. ಮಹಡಿಗೆ ಹೊರಗಡೆಯಿಂದ ಮೆಟ್ಟಿಲು.

ಮೆಟ್ಟಿಲು ಎಂದೆನಲ್ಲ, ಆ ಮನೆಯ ಜೀವವೇ ಅದು. ನಮ್ಮತ್ತೆಗೆ ಮಂಡಿನೋವು. ಆದ್ದರಿಂದ ಒಂದೊಂದು ಮೆಟ್ಟಿಲೂ ತಗ್ಗಾಗಿ, ಅಗಲವಾಗಿ, ಹತ್ತಿದ್ದೇ ಗೊತ್ತಾಗದ ಹಾಗೆ ಇರಬೇಕೆಂದು ತೀರ್ಮಾನಿಸಿದೆ. ಮೆಟ್ಟಿಲು ತಗ್ಗಾದಷ್ಟೂ ಸಂಖ್ಯೆ ಹೆಚ್ಚುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಜಾಗ ಬೇಕು. ಜಾಗವನ್ನು ಎಲ್ಲಿಂದ ತರುವುದು? ಕಾರು ನಿಲ್ಲಿಸಲು ಬಿಟ್ಟಿದ್ದ ಕಡೆಯಿಂದ ತಂದೆ.

"ಮುಂದೆ ಕಾರ್ ತಗೊಂಡ್ರೆ ಎಲ್ಲಿ ನಿಲ್ಸೋದು?" ಎಂದು ಯಜಮಾನರು ಸಣ್ಣ ದನಿಯಲ್ಲಿ ಕೇಳಿದರು.

"ಈ ಮೆಟ್ಟಿಲಿಗೆ ಕಾರೇ ಹತ್ತುತ್ತೆ ಬಿಡಿ" ಎಂದೆ.

ಕೆಲಸ ಹಿಡಿದದ್ದು ಮೇಸ್ತ್ರಿ ಮುನಿರಾಜು. ಬಹಳ ವಿನಯವಂತ. ನಾನು ಏನು ಹೇಳಿದರೂ "ನೀವ್ ಹೆಂಗೆ ಹೇಳ್ತೀರೋ ಹಂಗೇ ಮೇಡಂ" ಎನ್ನುತ್ತಿದ್ದ. ನನ್ನ ವಿದ್ವತ್ತಿಗೆ ತಲೆಬಾಗಿದ್ದಾನೆಂದು ಒಳಗೊಳಗೇ ಹಿಗ್ಗುತ್ತಿದ್ದೆ. ಮೆಟ್ಟಿಲಿನ ಕಾಂಕ್ರೀಟಿಗೆ ಲೆಕ್ಕ ಕೊಟ್ಟವಳು ನಾನೇ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ಎಷ್ಟು ಎತ್ತರವೋ ಅಳೆದು, ಸಮನಾಗಿ ಭಾಗಿಸಿದೆ. ಶೇಷ ಸೊನ್ನೆ! ಇದಕ್ಕಿಂತ ಚೆಂದದ ಭಾಗಾಕಾರವನ್ನು ನಾನು ಬೋರ್ಡಿನ ಮೇಲೂ ಮಾಡಿರಲಿಲ್ಲ.

ಆಮೇಲೆ ಟೈಲ್ಸ್ ಬಂತು.

ಮಹಡಿಯ ನೆಲಕ್ಕೆ ಹಾಸುವ ಟೈಲಿಗೂ, ಅದರ ಕೆಳಗೆ ಹಾಕುವ ಗಾರೆಗೂ ಒಂದು ದಪ್ಪ ಇರುತ್ತದೆ ಎಂಬ ಸಂಗತಿ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಪರಿಣಾಮ, ಕೊನೆಯ ಮೆಟ್ಟಿಲೊಂದು ಮಾತ್ರ ಮಿಕ್ಕವಕ್ಕಿಂತ ಎತ್ತರವಾಗಿ ಕೂತುಬಿಟ್ಟಿತು. ಹಗುರವಾಗಿ ಹತ್ತಿ ಬರುವ ಕಾಲಿಗೆ ಅದು ಗೊತ್ತಾಗುವುದೇ ಇಲ್ಲ. ಬಂದವರೆಲ್ಲ ಕೊನೆಯಲ್ಲಿ ಎಡವಿ, ಎರಡೂ ಕೈ ಮುಂದೆ ಚಾಚಿ, ಹೊಸ್ತಿಲಿಗೆ ಸಾಷ್ಟಾಂಗ ಮಾಡುವವರಂತೆ ಒಳಗೆ ಬರತೊಡಗಿದರು. ಮೊದಲು ಎಡವಿದ್ದು ಟೈಲ್ಸ್ ಹಾಕಿದವನೇ!

"ಯಾಕ್ ಮುನಿರಾಜು, ಮೊದ್ಲೇ ಹೇಳ್ಬಾರ್ದಿತ್ತಾ?" ಎಂದು ರೇಗಿದೆ.

ಅವನು ತಲೆ ಕೆರೆದುಕೊಂಡ. "ನನ್ ಮಗಳು ನಿಮ್ ಕ್ಲಾಸಲ್ಲೇ ಓದೋದು ಮೇಡಂ. ಎದುರು ಮಾತಾಡಿದ್ರೆ ನೀವು ಬೆಂಚ್ ಮೇಲೆ ನಿಲ್ಲಿಸ್ತೀರ ಅಂದ್ಲು."

ಸ್ವಂತ ಮನೆ ಕಟ್ಟಲು ಹೊರಟ ಮಹನೀಯರೇ, ದಯವಿಟ್ಟು ಗಮನಿಸಿ: ನಿಮಗೆ ಹೆದರುವ ಮೇಸ್ತ್ರಿಯನ್ನು ಇಟ್ಟುಕೊಳ್ಳಬೇಡಿ. ಎದುರು ಮಾತಾಡುವವನನ್ನು ಹುಡುಕಿ.

ಇನ್ನೊಂದು ಸಂಗತಿ. ಹಾಲ್‌ನ ಸ್ವಿಚ್ಚುಗಳ ಜಾಗವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದವಳೂ ನಾನೇ. ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆ ಎಂದು ಮಾತ್ರ ಯೋಚಿಸಲಿಲ್ಲ. ಈಗ ನಮ್ಮ ಮನೆಯಲ್ಲಿ ದೀಪ ಹಾಕಬೇಕಾದರೆ ಒಳಗೆ ಬಂದು, ಬಾಗಿಲು ಮುಚ್ಚಿ, ಕತ್ತಲು ಮಾಡಿಕೊಂಡು, ಬಾಗಿಲ ಹಿಂದಿನ ಗೋಡೆ ತಡವಬೇಕು. ಯಜಮಾನರು ಜೇಬಿನಲ್ಲಿ ಒಂದು ಟಾರ್ಚ್ ಇಟ್ಟುಕೊಳ್ಳಲು ಶುರುಮಾಡಿದರು, ಅಷ್ಟೇ.

ಇಷ್ಟಾದರೂ ಮನೆ ಎದ್ದು ನಿಂತಿತು. ಸುಣ್ಣಬಣ್ಣವಾಯಿತು. ಗೃಹಪ್ರವೇಶದ ದಿನವೂ ಗೊತ್ತಾಯಿತು. ಆಗ ನಮ್ಮತ್ತೆ ಕೇಳಿದರು, "ಹಸು ಎಲ್ಲಿಂದ ತರ್ತೀರಾ?"

ಪೂಜೆಗೆ ಮೊದಲು ಮನೆಯೊಳಗೆ ಹಸು ಕಾಲಿಡಬೇಕು. ಸರಿ. ಆದರೆ ನಮ್ಮ ಮನೆ ಇರುವುದು ಮಹಡಿಯಲ್ಲಿ.

"ಅಮ್ಮಾ, ಕೆಳಗಿನ ಪೋರ್ಷನ್‌ಗೆ ಕರ್ಕೊಂಡ್ ಬಂದ್ರೆ ಸಾಲದಾ?" ಎಂದರು ಯಜಮಾನರು.

"ಚೆನ್ನಾಗಿ ಹೇಳ್ದೆ! ಆಮೇಲೆ ಲಕ್ಷ್ಮಿ ಬಾಡಿಗೆಯವರ ಮನೇಲೇ ಕೂತ್ಕೊತಾಳೆ!"

ನಾನಂತೂ ಉತ್ಸಾಹದಲ್ಲಿದ್ದೆ. ನನ್ನ ಮೆಟ್ಟಿಲಿನ ಘನತೆಯನ್ನು ಲೋಕಕ್ಕೆ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕೀತೇ? ಲೇಔಟಿನ ಪಕ್ಕದ ಹಳೇ ಊರಿನ ಜಯಮ್ಮನನ್ನು ಹೋಗಿ ಕಂಡೆ. ನಮ್ಮ ಲೇಔಟು ಒಂದು ಕಾಲಕ್ಕೆ ಅವರ ರಾಗಿ ಹೊಲ. ಈಗ ಬಾಡಿಗೆ ಬರುವ ಕಟ್ಟಡಗಳಿದ್ದರೂ ಆಕೆ ಹಸು ಸಾಕುವುದನ್ನು ಬಿಟ್ಟಿರಲಿಲ್ಲ.

"ಮೆಟ್ಟಿಲು ಹತ್ತುತ್ತಾ ಜಯಮ್ಮ?"

"ಬಾಳೆಹಣ್ಣು ತೋರ್ಸಿದ್ರೆ ಎಲ್ಲಿಗ್ ಬೇಕಾದ್ರೂ ಹತ್ತುತ್ತೆ ಕಣಮ್ಮ."

ಇಳಿಯುತ್ತಾ ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಆ ದಿನ ಬಂತು. ಬೀದಿಯಲ್ಲಿ ಶಾಮಿಯಾನ, ಬಾಗಿಲಿಗೆ ಬಾಳೆಕಂದು, ಕೆಳಗಿನ ಖಾಲಿ ಪೋರ್ಷನ್ನಿನಲ್ಲಿ ಅಡುಗೆ ಮತ್ತು ಊಟದ ವ್ಯವಸ್ಥೆ. ನೆಂಟರು, ನಮ್ಮ ಶಾಲೆಯವರು ಎಲ್ಲರೂ ಮಹಡಿ ಸೇರಿದರು. ನಮ್ಮ ಹೆಡ್‌ಮಿಸ್ ಕೂಡ ಕೊನೆಯ ಮೆಟ್ಟಿಲಿಗೆ ಎಡವಿ, ನನ್ನ ತೋಳು ಹಿಡಿದುಕೊಂಡು, "ಚೆನ್ನಾಗಿ ಕಟ್ಟಿಸಿದೀರ" ಎಂದರು. ವಾಲಗದವರು ಊದಿದರು. ಜಯಮ್ಮನ ಹಸು ಹಣೆಗೆ ಕುಂಕುಮ, ಕೊರಳಿಗೆ ಹೂವು ಹಾಕಿಕೊಂಡು ಕರುವಿನ ಜೊತೆ ಒಂದೊಂದೇ ಮೆಟ್ಟಿಲು ಹತ್ತಿತು. ಎಂಥ ಗಾಂಭೀರ್ಯ! ಕೊನೆಯ ಮೆಟ್ಟಿಲಿಗೂ ಎಡವಲಿಲ್ಲ! ಆವರೆಗೆ ನಮ್ಮ ಮನೆಗೆ ಎಡವದೆ ಬಂದ ಮೊದಲ ಜೀವ ಅದೇ. ಒಳಗೆ ಬಂದು ಹಾಲ್‌ನ ಮಧ್ಯೆ ನಿಂತು ಗಂಜಲ ಹಾಕಿತು. ಪುರೋಹಿತರು "ಮಹಾ ಶುಭ" ಎಂದರು. ಅತ್ತೆ ಕಣ್ಣೊರೆಸಿಕೊಂಡರು. ಹೊಸ ಟೈಲ್ಸ್ ನೋಡಿ ನಾನೂ ಒರೆಸಿಕೊಂಡೆ.

ಪೂಜೆ ಮುಗಿಯಿತು. ಜಯಮ್ಮ ಹಗ್ಗ ಹಿಡಿದು ಹೊರಟಳು. ಕರು ಶಾಲೆ ಬಿಟ್ಟ ಮಕ್ಕಳಂತೆ ಧಡಧಡ ಇಳಿದುಹೋಯಿತು. ಹಸು ಬಾಗಿಲು ದಾಟಿ, ಮೆಟ್ಟಿಲ ತುದಿಗೆ ಬಂದು, ಕೆಳಗೆ ನೋಡಿತು. ನಿಂತಿತು.

ಬಾಳೆಹಣ್ಣು ತೋರಿಸಿದರು. ತಿಂದಿತು, ನಿಂತಿತು. ಬೆಲ್ಲ ಕೊಟ್ಟರು. ತಿಂದಿತು, ನಿಂತಿತು. ಕೆಳಗಿನಿಂದ ಕರು ಅಂಬಾ ಎಂದಿತು. ಇದೂ ಅಂಬಾ ಎಂದಿತು. ಕದಲಲಿಲ್ಲ!

"ಜಯಮ್ಮ, ಇದೇನು?" ಎಂದೆ.

"ನೀವು ಹತ್ತುತ್ತಾ ಅಂತ ಕೇಳಿದ್ರಿ, ಹತ್ತುತ್ತೆ ಅಂದೆ. ದನ ಮೇಲಕ್ ಹತ್ತುತ್ವೆ, ಇಳಿಯೋಕ್ ಹೆದರ್ತವೆ" ಎಂದಳು ಜಯಮ್ಮ, ಬಹಳ ಸಮಾಧಾನದಿಂದ.

ಪರಿಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಮನೆಯಿಂದ ಹೊರಗೆ ಹೋಗಲು ಇರುವುದು ಅದೊಂದೇ ದಾರಿ. ಆ ದಾರಿಗೆ ಅಡ್ಡಲಾಗಿ ಗೋಮಾತೆ. ಊಟ ಕೆಳಗೆ, ಉಣ್ಣುವವರು ಮೇಲೆ. ಪುರೋಹಿತರಿಗೆ ವಿಜಯನಗರದಲ್ಲಿ ಒಂದು ನಾಮಕರಣ. ಹೆಡ್‌ಮಿಸ್‌ಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಬೀಳಬೇಕು. ನಮ್ಮ ಯಜಮಾನರು ಮಾತ್ರ ಅಡುಗೆ ನೋಡಿಕೊಂಡು ಬರುತ್ತೇನೆಂದು ಮೊದಲೇ ಇಳಿದು ಹೋಗಿದ್ದರು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಶಾಮಿಯಾನದ ಕೆಳಗೆ ನಿಂತು ಹಪ್ಪಳ ಕಡಿಯುತ್ತಿದ್ದರು!

"ರೀ! ಇಲ್ಲಿ ಜನ ಹಸ್ಕೊಂಡಿದಾರೆ!"

"ನಾನೇನ್ ಮಾಡ್ಲಿ ಪ್ರಭಾ? ಮೇಲಕ್ ಬರೋಕೆ ದಾರೀನೇ ಇಲ್ವಲ್ಲ!" ಎಂದರು. ಅವರ ದನಿಯಲ್ಲಿ ದುಃಖವೇನೂ ಕಾಣಲಿಲ್ಲ.

ಆಗ ನನ್ನ ಕಣ್ಣು ಬಾಲ್ಕನಿಯ ಪಕ್ಕದಲ್ಲಿದ್ದ ರಾಟೆಯ ಮೇಲೆ ಬಿತ್ತು. ಗಾರೆ ಎಳೆಯಲು ಕಟ್ಟಿದ್ದನ್ನು ಮುನಿರಾಜು ಇನ್ನೂ ಬಿಚ್ಚಿರಲಿಲ್ಲ. "ಬಕೆಟ್ ಕಟ್ಟಿ!" ಎಂದು ಕೂಗಿದೆ.

ಮೊದಲು ಬಾಳೆಎಲೆ ಬಂತು. ಹಾಲ್‌ನಲ್ಲಿ ಹಾಸಿದೆವು. ಆಮೇಲೆ ಬರಬೇಕಾದದ್ದು ಉಪ್ಪು, ಕೋಸಂಬರಿ, ಪಲ್ಯ. ಕೆಳಗಿನವರು ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿ ಕಳಿಸಿದರು. ಪಾಯಸ ಬಂತು! ಅದರ ಹಿಂದೆ ಮಜ್ಜಿಗೆ, ಅದರ ಹಿಂದೆ ಹೋಳಿಗೆ, ಬಹಳ ಹೊತ್ತಾದ ಮೇಲೆ ಅನ್ನ, ಹುಳಿ. ನೆಂಟರೆಲ್ಲ ಊಟವನ್ನು ಹಿಂದಿನಿಂದ ಮುಂದಕ್ಕೆ ಉಂಡರು. ಗಂಡಸರು ಸೀರೆಯುಟ್ಟ ಹೆಂಗಸರೊಡನೆ ಹಗ್ಗ ಎಳೆಯಲು ಪೈಪೋಟಿಗೆ ಬಿದ್ದರು. ಒಂದೊಂದು ಬಕೆಟ್ ಬಾಲ್ಕನಿ ಮುಟ್ಟಿದಾಗಲೂ ಚಪ್ಪಾಳೆ! ಹೆಡ್‌ಮಿಸ್ ಅನ್ನ-ಹುಳಿ ಬರುವವರೆಗೆ ಕಾದು ಅಚ್ಚುಕಟ್ಟಾಗಿ ಉಂಡು, "ಇಷ್ಟು ಖುಷಿಯಾಗಿ ನಾನು ಯಾವ ಗೃಹಪ್ರವೇಶದಲ್ಲೂ ಊಟ ಮಾಡಿಲ್ಲ ಪ್ರಭಾ" ಎಂದರು. ಹಸು ಬಾಗಿಲಿನಿಂದ ತಲೆ ಒಳಗೆ ಚಾಚಿ, ಉಂಡೆದ್ದವರ ಎಲೆಗಳನ್ನು ಒಂದೊಂದಾಗಿ ಮುಗಿಸುತ್ತಿತ್ತು.

ಊಟವೇನೋ ಆಯಿತು. ಇಳಿಯುವುದು ಹೇಗೆ? ಕ್ರೇನ್ ತರಿಸೋಣ ಎಂದರೊಬ್ಬರು. ಇಲ್ಲೇ ಸಾಕಿಕೊಳ್ಳಿ ಎಂದರು ಇನ್ನೊಬ್ಬರು. ನಾನು ಮೆಟ್ಟಿಲನ್ನೇ ನೋಡುತ್ತಾ ನಿಂತೆ. ಹಸುವಿಗೆ ಹೆದರಿಕೆ ಇರುವುದು ಇಳಿಯುವುದಕ್ಕಲ್ಲ, ಮೆಟ್ಟಿಲಿಗೆ. ಮೆಟ್ಟಿಲೇ ಕಾಣದಿದ್ದರೆ? ಗುಡ್ಡದ ಇಳಿಜಾರಿನಲ್ಲಿ ದನ ಇಳಿಯುವುದಿಲ್ಲವೇ?

ಎದುರಿನ ಸೈಟಿನಲ್ಲಿ ರಂಗಸ್ವಾಮಿ ಎಂಬವರು ಮನೆಗೆ ಪಾಯ ತೆಗೆಸುತ್ತಿದ್ದರು. ಬೆಳಗಿನಿಂದ ತಮ್ಮ ಇಟ್ಟಿಗೆ ರಾಶಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು.

"ರಂಗಸ್ವಾಮಿಯವರೇ, ಸ್ವಲ್ಪ ಮರಳು, ಹಲಗೆ ಕೊಡ್ತೀರಾ?" ಎಂದು ಬಾಲ್ಕನಿಯಿಂದ ಕೇಳಿದೆ.

"ಅಯ್ಯೋ, ಎಷ್ಟ್ ಬೇಕಾದ್ರೂ ತಗೊಳಿ ಮೇಡಂ!" ಎಂದು ಪಂಚೆ ಎತ್ತಿ ಕಟ್ಟಿ ಅವರೇ ಓಡಿಬಂದರು.

ನಾನು ಮೇಲಿನಿಂದ ಅಪ್ಪಣೆ ಕೊಟ್ಟೆ. ಬಿಳಿ ಷರ್ಟು ಹಾಕಿಕೊಂಡು ಊಟಕ್ಕೆ ಬಂದಿದ್ದ ಮುನಿರಾಜು ಕೆಳಗಿನಿಂದ ಮರಳು ತುಂಬುತ್ತಾ ಬಂದ. ಮೆಟ್ಟಿಲುಗಳ ಮೂಲೆಮೂಲೆಗೂ ಮರಳು, ಅದರ ಮೇಲೆ ಹಲಗೆ, ಕಾಲು ಜಾರದಂತೆ ನೆನೆಸಿದ ಗೋಣಿಚೀಲ, ಅದರ ಮೇಲೆ ಒಂದಿಷ್ಟು ಹುಲ್ಲು. ಯಜಮಾನರೂ ಹಪ್ಪಳ ಬಿಟ್ಟು ಮರಳಿನ ಬಾಂಡ್ಲಿ ಹೊತ್ತರು. ನೋಡನೋಡುತ್ತಲೇ ನನ್ನ ಮೆಟ್ಟಿಲು ಹಸಿರು ದಿಬ್ಬವಾಯಿತು!

"ಮೇಡಂ, ಬೇರೆಯವರ ಮನೆ ಮೆಟ್ಟಿಲಾಗಿದ್ರೆ ಇಳಿಜಾರು ಕಡಿದಾಗೋದು. ನಿಮ್ಮದು ತಗ್ಗು ಮೆಟ್ಟಿಲು, ಅದಕ್ಕೇ ಕೂತ್ಕೊಂತು" ಎಂದ ಮುನಿರಾಜು. ಈ ಸಲ ಹೆದರಿ ಹೇಳಿದ್ದಲ್ಲ. ಮುಖ ನೋಡಿದೆ, ನಿಜವಾಗಿಯೇ ಹೇಳಿದ್ದ.

ಜಯಮ್ಮ ಹಗ್ಗ ಸಡಿಲ ಬಿಟ್ಟಳು. ಹಸು ಮೂಸಿತು. ಒಂದು ಬಾಯಿ ಹುಲ್ಲು ತಿಂದಿತು. ಒಂದು ಕಾಲು ಮುಂದಿಟ್ಟಿತು. ಇನ್ನೊಂದು ಕಾಲು. ಮತ್ತೊಂದು ಬಾಯಿ ಹುಲ್ಲು. ಹೀಗೆ ತಿನ್ನುತ್ತಾ ಇಳಿಯುತ್ತಾ, ಇಳಿಯುತ್ತಾ ತಿನ್ನುತ್ತಾ, ಮದುವಣಗಿತ್ತಿಯಂತೆ ನೆಲ ಮುಟ್ಟಿತು. ವಾಲಗದವರು ಯಾರೂ ಹೇಳದೆಯೇ ಗಟ್ಟಿಮೇಳ ಬಾರಿಸಿದರು! ಪುರೋಹಿತರು ಬಾಲ್ಕನಿಯಿಂದ ಅಕ್ಷತೆ ಎಸೆದರು. ಅತ್ತೆ ನನ್ನ ಕೈ ಹಿಡಿದು, "ನನ್ ಸೊಸೆ ಲೆಕ್ಕ ಅಂದ್ರೆ ಲೆಕ್ಕ!" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಆ ಗಳಿಗೆಯಲ್ಲಿ ನನ್ನ ತಲೆ ಸೂರಿಗೆ ತಾಗುತ್ತಿತ್ತೋ ಏನೋ. ಸೂರಿನ ಲೆಕ್ಕವನ್ನೂ ನಾನೇ ಹಾಕಿದ್ದು.

ಮುಂದಿನ ಭಾನುವಾರ ರಂಗಸ್ವಾಮಿ ದಂಪತಿ ನಮ್ಮ ಮನೆಗೆ ಬಂದರು. ಅವರ ಕೈಯಲ್ಲಿ ಸುರುಳಿ ಸುತ್ತಿದ ಮನೆ ಪ್ಲಾನ್. ನನಗೆ ಅರ್ಥವಾಗಿಹೋಯಿತು. ಕನ್ನಡಕ ಹಾಕಿಕೊಂಡೆ, ಕಾಫಿ ಕೊಟ್ಟೆ. ಗಾಳಿ, ಬೆಳಕು, ಪಾಯ, ತಾರಸಿ, ಮೆಟ್ಟಿಲಿನ ಮಹತ್ವ, ಎಲ್ಲವನ್ನೂ ಅರ್ಧ ಪೀರಿಯಡ್ಡಿನಷ್ಟು ವಿವರಿಸಿದೆ. ಗಂಡ ಹೆಂಡತಿ ಇಬ್ಬರೂ ಬಹಳ ಶ್ರದ್ಧೆಯಿಂದ ಕೇಳಿದರು.

"ಮೇಡಂ, ಒಂದ್ ವಿಷಯ ಕೇಳ್ಬೇಕಿತ್ತು. ನಿಮ್ಮನೆಗೆ ಪ್ಲಾನ್ ಹಾಕಿದ ಇಂಜಿನಿಯರ್ ಯಾರು?" ಎಂದರು ರಂಗಸ್ವಾಮಿ.

ನಾನು ಸೆರಗು ಸರಿಮಾಡಿಕೊಂಡು ನಗುತ್ತಾ ಕೇಳಿದೆ, "ಯಾಕೆ? ಅವರ ಹತ್ರಾನೇ ಮಾಡಿಸ್ಬೇಕು ಅಂತಿದೀರಾ?"

"ಇಲ್ಲ ಮೇಡಂ. ನಾವು ಇಂಜಿನಿಯರ್ ಬದಲಾಯಿಸ್ತಾ ಇದೀವಿ. ಹೆಸರು ತಿಳ್ಕೊಂಡಿದ್ರೆ, ತಪ್ಪಿ ಅವರ ಹತ್ರ ಹೋಗದೆ ಇರ್ಬಹುದಲ್ಲಾ ಅಂತ ನಮ್ಮನೆಯವಳು ಹೇಳಿದ್ಲು."

ಸೋಫಾದ ಮೂಲೆಯಲ್ಲಿ ಪೇಪರು ಓದುತ್ತಿದ್ದ ಯಜಮಾನರು ಪೇಪರನ್ನು ಮುಖದ ಮೇಲಕ್ಕೆ ಎತ್ತಿಕೊಂಡರು. ಪೇಪರು ಅಲುಗಾಡತೊಡಗಿತು.

"ಆ ಇಂಜಿನಿಯರ್ ಈಗ ಸಿಗೋದಿಲ್ಲ. ರಿಟೈರ್ ಆದ್ರು" ಎಂದು ಹೇಳಿ, ಅವರಿಬ್ಬರಿಗೂ ಇನ್ನೊಂದು ಲೋಟ ಕಾಫಿ ತರಲು ಎದ್ದೆ.